ನಾಲ್ಕನೇ ಸ್ಕ್ರೂ

ಇದೊಂದೇ ಯಾಕೆ ಇಷ್ಟು ಬಿಗಿ?

ಉಳಿದ ಮೂರು ಸ್ಕ್ರೂ ಸಲೀಸಾಗಿ ಬಂದಿದ್ದವು. ಹಳೆಯ ಫ್ಯಾನು, ಹಳೆಯ ಪ್ಲಾಸ್ಟಿಕ್ಕು. ಹಾಗೇ ಬರಬೇಕು. ನಾಲ್ಕನೆಯದು ಮಾತ್ರ ಹಟ ಹಿಡಿದಿದೆ. ಹೊಸ ಫ್ಯಾನಾಗಿದ್ದರೆ ಸರಿ. ಇದು ಹೊಸದಲ್ಲ. ಅಥವಾ ನನ್ನದೇ ಅತಿಯೆ? ಕರೆಂಟು ಹೊಡೆದು ಒಬ್ಬ ಮನುಷ್ಯ ಸತ್ತಿದ್ದಾನೆ. ಹೊರಗೆ ನಿಂತವರೆಲ್ಲ ಆಕಸ್ಮಿಕ ಅನ್ನುತ್ತಿದ್ದಾರೆ. ನಾನು ಒಂದು ಸ್ಕ್ರೂ ನೋಡುತ್ತ ಕೂತಿದ್ದೇನೆ.

ಸಬ್‌ಇನ್‌ಸ್ಪೆಕ್ಟರ್ ಅಮರೇಶ ಸ್ಕ್ರೂಡ್ರೈವರನ್ನು ಒತ್ತಿ ಹಿಡಿದು ಮತ್ತೆ ತಿರುಗಿಸಿದ. ಕಿರ್ ಎಂದು ಸದ್ದಾಯಿತು. ಸ್ಕ್ರೂ ಬಂತು.

ಕಾಮಾಕ್ಷಿಪಾಳ್ಯದ ಆ ಗಲ್ಲಿಯಲ್ಲಿ ಅದೊಂದು ಚಿಕ್ಕ ಕಾರ್ಖಾನೆ. ಪ್ಲಾಸ್ಟಿಕ್ ಕರಗಿಸಿ, ಅಚ್ಚಿಗೆ ಹೊಯ್ದು, ಸೋಪಿನ ಡಬ್ಬಿ ಮಾಡುತ್ತಾರೆ. ಸತ್ತವನು ಮಾಲೀಕ ಮುನಿರಾಮಯ್ಯ. ಹೇರೋಹಳ್ಳಿಯ ಹಳೆಯ ಕುಳ. ಬೆಳಿಗ್ಗೆ ಬಂದು, ತನ್ನ ಕೋಣೆ ತೊಳೆಸಿ, ಕೈಕಾಲು ಮುಖ ತೊಳೆದು, ಬರಿಗಾಲಲ್ಲಿ ದೇವರಿಗೆ ದೀಪ ಹಚ್ಚುವುದು ಅವನ ರೂಢಿ. ಆಮೇಲೆ ನೆಲದ ಮೇಲೆ ನಿಲ್ಲಿಸಿದ ಕಂಬದ ಫ್ಯಾನನ್ನು ತನ್ನತ್ತ ತಿರುಗಿಸಿಕೊಂಡು ಕೂರುತ್ತಿದ್ದ. ಇವತ್ತು ತಿರುಗಿಸಲು ಕಂಬ ಹಿಡಿದವನು ಬಿಡಲಿಲ್ಲ.

ಫ್ಯಾನಿನ ಬುಡದ ಪ್ಲಾಸ್ಟಿಕ್ ಮುಚ್ಚಳ ತೆಗೆದು ಅಮರೇಶ ಒಳಗೆ ನೋಡಿದ. ಒಂದು ತಂತಿಯ ಮೇಲ್ಪದರ ಸುಲಿದಿತ್ತು. ಬೆತ್ತಲೆ ತಾಮ್ರ ಕಬ್ಬಿಣದ ಕಂಬಕ್ಕೆ ತಾಗಿಕೊಂಡಿತ್ತು.

"ಜಂಬಣ್ಣನ ಕೈಚಳಕ ಸಾರ್," ಎಂದ ಹೆಡ್ ಕಾನ್‌ಸ್ಟೆಬಲ್ ಜೀವನ್. "ಮಾಗಡಿ ರೋಡಲ್ಲಿ ರಿಪೇರಿ ಅಂಗಡಿ. ಹೋದ ತಿಂಗಳು ಈ ಫ್ಯಾನು ಬಿಚ್ಚಿದ್ದು ಅವನೇ. ಅವತ್ತು ಯಜಮಾನ್ರಿಗೂ ಅವನಿಗೂ ಬೀದೀಲಿ ಜಗಳ. ‘ನಿನ್ನ ಫ್ಯಾನು ನಿನ್ನನ್ನೇ ತಿನ್ನಲಿ’ ಅಂದಿದ್ನಂತೆ."

"ಜಗಳ ಯಾಕೆ?"

"ಫ್ಯಾನು ಕರಕರ ಅಂತಿತ್ತಂತೆ. ರಿಪೇರಿ ಮಾಡಿದ ಮೇಲೆ ಕೊರಕೊರ ಅಂತಿತ್ತಂತೆ."

ಬಾಗಿಲಲ್ಲಿ ಮೆಷಿನ್ ನೋಡಿಕೊಳ್ಳುವ ಕೊಟ್ರಪ್ಪ ನಿಂತಿದ್ದ. ಐವತ್ತು ದಾಟಿದ ಆಳು. ಹೆಣ ಮೊದಲು ಕಂಡವನು ಅವನೇ. ಮೇನ್ ಸ್ವಿಚ್ ಆರಿಸಿದವನೂ ಅವನೇ.

"ಏನಾಯ್ತು ಕೊಟ್ರಪ್ಪನವರೆ?"

"ಯಜಮಾನರದೇ ತಪ್ಪು ಸಾರ್. ಒದ್ದೆ ಕೈ ಹಾಕಿದ್ರು."

ಹೊರಗೆ ಮುನಿರಾಮಯ್ಯನ ಹೆಂಡತಿ ಬೋರಮ್ಮ ಅಮರೇಶನ ಎದುರು ಬಂದು ನಿಂತಳು. ಅವಳು ಅಳುತ್ತಿರಲಿಲ್ಲ. "ಆ ರಿಪೇರಿಯೋನನ್ನ ಬಿಡಬೇಡ ಕಣಪ್ಪ. ಅವನ ಅಂಗಡಿ ಬಾಗಿಲು ಇನ್ನು ತೆಗೀಬಾರ್ದು. ನನ್ನ ಮನೆ ಕತ್ತಲಾದಂಗೆ ಅವನ ಮನೇನೂ ಆಗಬೇಕು."

* * *

ಜಂಬಣ್ಣನನ್ನು ಠಾಣೆಗೆ ತಂದು ಕೂರಿಸಿದ್ದರು. ಇನ್‌ಸ್ಪೆಕ್ಟರು ಆಗಲೇ ಫೋನ್ ಮಾಡಿ ಹೇಳಿದ್ದರು: ನಿರ್ಲಕ್ಷ್ಯದ ಕೇಸು ಹಾಕು, ಮುಗಿಸು.

"ಬಾಯಿ ಬಿಟ್ಟು ಶಾಪ ಹಾಕಿದ್ದೆ ಸಾರ್. ನಿಜ," ಎಂದ ಜಂಬಣ್ಣ. "ದಿನಾ ಹತ್ತು ಜನಕ್ಕೆ ಹಾಕ್ತೀನಿ. ಒಬ್ಬರೂ ಸತ್ತಿರ್ಲಿಲ್ಲ."

"ತಂತಿ ಸುಲಿದಿದ್ದು ಯಾರು?"

"ನಾನು ತಂತಿ ಮುಟ್ಟೇ ಇಲ್ಲ. ಸದ್ದು ಮಾಡ್ತಿದ್ದ ಬುಷ್ ಬದಲಾಯಿಸಿದೆ. ಬುಡದ ಮುಚ್ಚಳದಲ್ಲಿ ಒಂದು ತೂತಿನ ಥ್ರೆಡ್ ಹೋಗಿತ್ತು. ಸ್ಕ್ರೂ ಸುಮ್ನೆ ಗಿರಗಿರ ತಿರುಗ್ತಿತ್ತು. ಅದನ್ನ ಸರಿ ಮಾಡಿ ಮುಚ್ಚಿದೆ. ಅಷ್ಟೇ."

ಅಮರೇಶ ತಲೆ ಎತ್ತಿದ. "ಹೇಗೆ ಸರಿ ಮಾಡಿದೆ?"

"ಬೆಂಕಿಕಡ್ಡಿ ಮುರಿದು ತುರುಕಿ, ಫೆವಿಕ್ವಿಕ್ ಬಿಟ್ಟು, ಸ್ಕ್ರೂ ಹಾಕಿದೆ. ಹಿಡ್ಕೊಳ್ಳುತ್ತೆ. ಇನ್ನೊಂದ್ಸಲ ಬಿಚ್ಚಿದ್ರೆ ಮಾತ್ರ ಹೋಯ್ತು."

"ಬಾಳಿಕೆ ಬರೋ ಹಾಗೆ ಮಾಡೋದಲ್ವೇನೋ?" ಎಂದ ಜೀವನ್.

"ಬಾಳಿಕೆ ಬಂದ್ರೆ ನಾನು ಬಾಳೋದು ಹೆಂಗಣ್ಣ?"

ಅಮರೇಶ ನಗಲಿಲ್ಲ. ಮುಚ್ಚಳವನ್ನು ದೀಪದ ಕೆಳಗೆ ಹಿಡಿದ. ಪೊಲೀಸಿಗೆ ಸೇರುವ ಮೊದಲು ಅವನು ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ದುಡಿದವನು. ಪ್ಲಾಸ್ಟಿಕ್ಕಿನ ಹಟ ಅವನಿಗೆ ಗೊತ್ತು. ಒಂದು ಸಲ ಥ್ರೆಡ್ ಹೋದ ತೂತು ಮತ್ತೆ ತಾನಾಗಿ ಸ್ಕ್ರೂ ಹಿಡಿಯುವುದಿಲ್ಲ.

ನಾಲ್ಕನೇ ತೂತಿನ ಒಳಗೋಡೆ ಉಳಿದ ಮುಚ್ಚಳದಂತೆ ಬಿಳಿಯಾಗಿರಲಿಲ್ಲ. ಹಸಿರಾಗಿತ್ತು. ಸೂಜಿಯಿಂದ ಕೆರೆದ. ಅಂಟಲ್ಲ. ಗಟ್ಟಿ ಪ್ಲಾಸ್ಟಿಕ್ಕು. ಇನ್ನೂ ಕೆಳಗೆ, ತೂತಿನ ತಳದಲ್ಲಿ, ಬೆಂಕಿಕಡ್ಡಿಯ ಒಂದು ಚೂರು ಹಸಿರಿನಲ್ಲಿ ಹೂತುಹೋಗಿತ್ತು.

"ಜೀವನ್, ಕಡ್ಡಿ ಕೆಳಗಿದೆ. ಹಸಿರು ಮೇಲಿದೆ."

"ಅಂದ್ರೆ?"

"ಇವನಾದ ಮೇಲೆ ಇನ್ಯಾರೋ ಬಿಚ್ಚಿದ್ದಾರೆ. ಬಿಚ್ಚಿದಾಗ ಕಡ್ಡಿ ಕಿತ್ತುಬಂದಿದೆ. ಅವರು ತೂತನ್ನ ಮತ್ತೆ ತುಂಬಿದ್ದಾರೆ. ಇವನಿಗಿಂತ ಚೆನ್ನಾಗಿ."

ಜೀವನ್ ಹಣೆ ಉಜ್ಜಿಕೊಂಡ. "ಕೊಲೆ ಮಾಡೋಕೆ ಬಂದೋನು ರಿಪೇರಿ ಮಾಡಿ ಹೋಗ್ತಾನಾ ಸಾರ್?"

ಅದೇ ಪ್ರಶ್ನೆ ಅಮರೇಶನನ್ನೂ ಕಾಡುತ್ತಿತ್ತು. ಮುಚ್ಚಳ ನಿಲ್ಲಲು ಮೂರು ಸ್ಕ್ರೂ ಸಾಕು. ನಾಲ್ಕನೆಯದು ಸಡಿಲವಾಗಿದ್ದರೆ ಇಡೀ ತಪ್ಪು ಜಂಬಣ್ಣನ ತಲೆಗೇ ಹೋಗುತ್ತಿತ್ತು. ಹಾಗಿದ್ದೂ ಒಬ್ಬ ಕೂತು, ತಾಳ್ಮೆಯಿಂದ, ಅದನ್ನು ಸರಿಪಡಿಸಿದ್ದಾನೆ.

* * *

ಮರುದಿನ ಕಾರ್ಖಾನೆಯಲ್ಲಿ ಮೆಷಿನ್ನು ಸುಮ್ಮನಿತ್ತು. ಡಬ್ಬಿಗಳನ್ನು ಪ್ಯಾಕ್ ಮಾಡುವ ಶಿಲ್ಪಾ ಒಂದು ಮೂಲೆಯಲ್ಲಿ ರಾಶಿ ಮುಂದೆ ಕೂತಿದ್ದಳು. ರಾಶಿ ಹಸಿರಾಗಿತ್ತು.

"ಈ ಬಣ್ಣ ಯಾವಾಗಿಂದಮ್ಮ?"

"ಈ ಸೋಮವಾರದಿಂದ ಸಾರ್. ಅದಕ್ಕೆ ಮುಂಚೆ ಬರೀ ಬಿಳಿ. ನಾನು ಬಂದಾಗಿಂದ ಬಿಳೀನೇ ನೋಡಿ ನೋಡಿ ಸಾಕಾಗಿತ್ತು."

ಸೋಮವಾರದಿಂದ. ಮುನಿರಾಮಯ್ಯ ಸತ್ತದ್ದು ಬುಧವಾರ.

"ಸೋಮವಾರ, ಮಂಗಳವಾರ ಯಜಮಾನರು ಇದ್ರಾ?"

"ಇಲ್ಲ ಸಾರ್. ನೆಂಟರ ಮದುವೆ. ಅವರ ಕೋಣೆ ಬೀಗ ಹಾಕಿತ್ತು."

"ಕೀಲಿ?"

"ಅವರ ಹತ್ರಾನೇ ಇರುತ್ತೆ. ಮದುವೆಗೆ ಹೋಗ್ವಾಗ ಮಾತ್ರ ಕೊಟ್ರಪ್ಪಣ್ಣಂಗೆ ಕೊಟ್ಟಿದ್ರು. ದೇವರಿಗೆ ದೀಪ ತಪ್ಪಬಾರ್ದಲ್ಲ."

ಅವಳು ಒಂದು ಡಬ್ಬಿ ಕೈಗೆತ್ತಿಕೊಂಡು ಅಂಚು ಸವರಿದಳು. ಏನೋ ಹೇಳಬೇಕೆಂದಿದ್ದಳು. ಅಮರೇಶ ಕಾದ. ಕಾಯುವುದು ಅವನಿಗೆ ಮಾತಿಗಿಂತ ಸುಲಭ.

"ಆ ಮೆಷಿನ್ನಲ್ಲೇ ಸಾರ್ ಕೊಟ್ರಪ್ಪಣ್ಣನ ಮಗ ಹೋಗಿದ್ದು. ರೇವಣಸಿದ್ದ. ಹೋದ ವರ್ಷ."

"ಹೇಗೆ?"

"ಬಾಗಿಲು ತೆಗೆದ್ರೆ ಮೆಷಿನ್ ತಾನಾಗೇ ನಿಲ್ಲಬೇಕು. ಅದಕ್ಕೊಂದು ಸ್ವಿಚ್ಚಿದೆ. ಆ ಸ್ವಿಚ್ಚಿನ ಪ್ಲಾಸ್ಟಿಕ್ ಕವರು ಅಲ್ಲಾಡ್ತಿತ್ತು. ಟೇಪು ಸುತ್ತಿದ್ರು. ಅವತ್ತು ಟೇಪು ಸಡಿಲಾಗಿ ಕವರು ಜಾರಿತ್ತು. ಡಬ್ಬಿ ಅಚ್ಚಲ್ಲಿ ಸಿಕ್ಕೊಂಡಿತ್ತು, ತೆಗೆಯೋಕೆ ಅಂತ ಬಗ್ಗಿದ. ಮೆಷಿನ್ ನಿಲ್ಲಲಿಲ್ಲ."

ಅವಳು ಡಬ್ಬಿಯನ್ನು ರಾಶಿಗೆ ಹಾಕಿದಳು.

"ಯಜಮಾನ್ರು ಎಲ್ಲರ ಮುಂದೇನೂ ಒಂದೇ ಮಾತು ಹೇಳಿದ್ರು ಸಾರ್. ಪೊಲೀಸರ ಮುಂದೇನೂ ಅದೇ. ‘ಹುಡುಗಂದೇ ತಪ್ಪು. ಕೈ ಹಾಕಿದ.’ ಅಷ್ಟೇ."

ಅಮರೇಶನಿಗೆ ಬುಧವಾರದ ಬೆಳಗು ನೆನಪಾಯಿತು. ಬಾಗಿಲಲ್ಲಿ ನಿಂತ ಆಳು. ಯಜಮಾನರದೇ ತಪ್ಪು. ಒದ್ದೆ ಕೈ ಹಾಕಿದ್ರು.

ಅವನು ಎದ್ದು ಮೆಷಿನ್ನಿನ ಹತ್ತಿರ ಹೋದ. ಬಾಗಿಲ ಪಕ್ಕದಲ್ಲಿ ಆ ಸ್ವಿಚ್ಚು. ಅದರ ಕವರಿನ ಮೇಲೆ ಟೇಪಿನ ಅಂಟಿನ ಕರೆ ಇತ್ತು. ಟೇಪು ಇರಲಿಲ್ಲ. ಅಲ್ಲಾಡಿಸಿದ. ಅಲ್ಲಾಡಲಿಲ್ಲ. ನಾಲ್ಕು ಸ್ಕ್ರೂ. ಒಂದರ ಸುತ್ತ ಹಸಿರು ತುಸು ಉಕ್ಕಿ ಗಟ್ಟಿಯಾಗಿತ್ತು. ಮೂಗು ಹತ್ತಿರ ತಂದ. ಉಗುರುಬಣ್ಣ ಅಳಿಸುವ ಅಸಿಟೋನಿನ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ.

* * *

ಕೊಟ್ರಪ್ಪ ಹಿಂದಿನ ಷೆಡ್ಡಿನಲ್ಲಿದ್ದ. ಅಮರೇಶ ಅವನನ್ನು ಮೆಷಿನ್ನಿನ ಮುಂದೆ ಕರೆತಂದು ಸ್ಟೂಲ್ ಹಾಕಿದ. ತಾನೂ ಕೂತ. ಜೀವನ್ ಪಕ್ಕದಲ್ಲಿ ನಿಂತ.

"ಯಾವೂರ್ರಿ ನಿಮ್ದು?"

"ಕೂಡ್ಲಿಗಿ ಕಡಿ."

"ನಮ್ದು ಸಿಂಧನೂರು. ಈ ಕವರು ಯಾವಾಗ ಸರಿ ಮಾಡಿದ್ರಿ?"

ಕೊಟ್ರಪ್ಪ ಕವರಿನತ್ತ ನೋಡಿದ. "ನಿನ್ನೆ. ನೀವೆಲ್ಲ ಹೋದ ಮ್ಯಾಲೆ."

"ಹೆಂಗ?"

"ಅಚ್ಚಿನಿಂದ ಉಳಿದ ತುಂಡು ಅಸಿಟೋನಿನ್ಯಾಗ ನೆನಿ ಹಾಕಿದ್ರ ಕರಗಿ ಹಿಟ್ಟಿನಂಗ ಆಗತೈತಿ. ಅದನ್ನ ತೂತಿಗೆ ತುಂಬಬೇಕು. ಒಣಗಿದ ಮ್ಯಾಲೆ ಸಣ್ಣ ಡ್ರಿಲ್ ಹಾಕಿ ಸ್ಕ್ರೂ ತಿರುವಬೇಕು. ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ಕೇ ಕೂಡಬೇಕ್ರಿ. ಕಡ್ಡಿ ಕೂಡಂಗಿಲ್ಲ."

ಕಡ್ಡಿ. ಅದರ ಸುದ್ದಿಯನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಜೀವನ್ ಅಮರೇಶನ ಮುಖ ನೋಡಿದ. ಬಾಯಿ ತಪ್ಪಿದ್ದು ಕೊಟ್ರಪ್ಪನಿಗೂ ತಿಳಿಯಿತು.

ಅಮರೇಶ ದನಿ ಏರಿಸಲಿಲ್ಲ. "ಫ್ಯಾನಿನ ತೂತಿನಾಗೂ ಇದೇ ಹಸಿರು ಐತ್ರಿ. ಅದರ ಕೆಳಗ ಜಂಬಣ್ಣನ ಬೆಂಕಿಕಡ್ಡಿ. ಹಸಿರು ಇಲ್ಲಿಗೆ ಬಂದದ್ದು ಸೋಮವಾರ. ಅವತ್ತಿನಿಂದ ಮಂಗಳವಾರದ ತನಕ ಆ ಕೋಣೆ ಕೀಲಿ ಇದ್ದದ್ದು ನಿಮ್ಮ ಕೈಯಾಗ. ಸೋಮವಾರ ಬಿಚ್ಚಿ ತುಂಬಿದ್ರಿ. ಅದು ಒಣಗಬೇಕಲ್ಲ. ಮಂಗಳವಾರ ತಂತಿ ಸುಲಿದು ಮುಚ್ಚಿದ್ರಿ. ಬುಧವಾರ ಅವರು ಬರಿಗಾಲಾಗ, ಒದ್ದೆ ಕೈಯಾಗ ಕಂಬ ಹಿಡಿತಾರ ಅನ್ನೂದು ನಿಮಗ ಗೊತ್ತಿತ್ತು. ಜಂಬಣ್ಣನಿಗೆ ಇಂಥ ಹಸಿರು ಸಿಗೂದಿಲ್ಲ. ಕೋಣೆಯೊಳಗ ಹೋಗಾಕೂ ಆಗೂದಿಲ್ಲ."

ಕೊಟ್ರಪ್ಪ ಮೆಷಿನ್ನಿನ ಕಡೆ ಮುಖ ಮಾಡಿದ. ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು.

"ಜಂಬಣ್ಣ ನಿನ್ನೆಯಿಂದ ಠಾಣೇದಾಗ ಅದಾನ. ಅವನ ಮ್ಯಾಲೆ ಕೇಸು ಹಾಕಾಕ ಹೊಂಟಾರ."

ಕೊಟ್ರಪ್ಪ ಚಕ್ಕನೆ ತಿರುಗಿದ. "ಅವನ್ನ್ಯಾಕ ಹಿಡಿದ್ರಿ? ಸತ್ತಾವಂದಾ ತಪ್ಪು ಅಂತ ನಾ ಹೇಳಿದ್ನಲ್ಲ."

"ನೀವು ಹೇಳಿದ್ರಿ. ಯಾರೂ ಒಪ್ಪಲಿಲ್ಲ."

"ನನ್ನ ಮಗನ ಸರತಿಗೆ ಒಪ್ಪಿದ್ರಲ್ಲ." ಅವನ ದನಿ ಒಣಗಿದ ಪ್ಲಾಸ್ಟಿಕ್ಕಿನಂತೆ ಗಡುಸಾಗಿತ್ತು. "ಅವತ್ತು ಎಲ್ಲಾರೂ ಒಪ್ಪಿದ್ರಿ. ಹುಡುಗಂದಾ ತಪ್ಪು ಅಂದ, ಬರಕೊಂಡು ಹೋದ್ರಿ. ಆ ಮಾತು ಅವನ ಹೆಣದ ಮುಂದೂ ಆಗಬೇಕು ಅಂತಿತ್ತು ನನಗ. ಬ್ಯಾರೆ ಏನೂ ಬ್ಯಾಡಾಗಿತ್ತು."

"ಇಲ್ಲೇ ಕೆಲಸಕ್ಕ ಉಳಿದ್ರಲ್ಲ, ಯಾಕ?"

"ಬಿಟ್ರ ಅವನು ದಿನಾ ಕಣ್ಣಿಗೆ ಬೀಳತಿರಲಿಲ್ಲ. ಸಿಟ್ಟು ಆರಿಹೋದ್ರ? ಮಾತಾಡಿಸ್ತಿದ್ದ, ನಗತಿದ್ದ. ಚಾ ಕುಡಿದ್ಯಾ ಕೊಟ್ರಪ್ಪ ಅಂತಿದ್ದ. ನೋಡತಿದ್ದೆ."

ಜೀವನ್‌ಗೆ ತಡೆಯಲಾಗಲಿಲ್ಲ. "ಅಲ್ಲ ಕೊಟ್ರಪ್ಪಣ್ಣ, ಆ ತೂತು ಯಾಕೆ ತುಂಬೋಕೆ ಹೋದೆ? ಹಂಗೇ ಬಿಟ್ಟಿದ್ರೆ ಯಾವನಿಗೂ ಗೊತ್ತಾಗ್ತಿರ್ಲಿಲ್ಲ."

ಕೊಟ್ರಪ್ಪ ತನ್ನ ಬೆರಳು ನೋಡಿಕೊಂಡ. ಉಗುರಿನ ಸಂದಿಯಲ್ಲಿ ಹಸಿರಿತ್ತು.

"ಬಿಚ್ಚಿದಾಗ ಕಡ್ಡಿ ಕಿತ್ತು ಬಂತು. ತಿರುಗಿ ಹಾಕಿದ್ರ ಸ್ಕ್ರೂ ಸುಮ್ನ ತಿರುಗತಿತ್ತು. ಹಿಡಿಲಿಲ್ಲ. ಹಂಗಾ ಬಿಟ್ಟು ಏಳಾಕ ಕೈ ಬರಲಿಲ್ಲ."

"ಮೂರು ಸ್ಕ್ರೂ ಇತ್ತಲ್ಲ, ಸಾಕಾಗ್ತಿತ್ತಲ್ಲ," ಎಂದ ಜೀವನ್.

"ಅವನೂ ಹಂಗಾ ಅಂದಿದ್ದ." ಕೊಟ್ರಪ್ಪ ಮೆಷಿನ್ನಿನ ಕವರಿನ ಮೇಲೆ ಕೈಯಿಟ್ಟ. "ಇದರ ಒಂದು ತೂತು ಹೋಗೇತಿ, ಅರ್ಧ ದಿನ ಮೆಷಿನ್ ನಿಲ್ಲಿಸ್ರಿ, ಸರಿ ಮಾಡತೀನಿ ಅಂತ ಕೇಳಿಕೊಂಡೆ. ‘ಮೂರು ಸ್ಕ್ರೂ ಐತಲ್ಲೋ, ಸಾಕು ಬಿಡು’ ಅಂದ. ಮಗ ಸತ್ತ ಮ್ಯಾಲೂ ನಿಲ್ಲಿಸಲಿಲ್ಲ. ಹೊಸಾ ಟೇಪು ಸುತ್ತಿಸಿದ. ನಿನ್ನೆ ಮೆಷಿನ್ ನಿಂತಿತು. ಮೊದಲು ಇದನ್ನಾ ಮಾಡಿದೆ."

ಶಿಲ್ಪಾ ಮೂಲೆಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಕೊಟ್ರಪ್ಪ ತಾನಾಗಿಯೇ ಎದ್ದ. ಹೋಗುವ ಮುನ್ನ ಕವರನ್ನು ಇನ್ನೊಮ್ಮೆ ಅಲ್ಲಾಡಿಸಿ ನೋಡಿದ.

* * *

ಸಂಜೆ ಜಂಬಣ್ಣನನ್ನು ಬಿಟ್ಟರು. ಅವನು ಮೆಟ್ಟಿಲಿಳಿದವನು ತಿರುಗಿ ಬಂದು, "ಸಾರ್, ಹಿಟ್ಟಿನಂಗೆ ಕರಗಿಸೋದು ಅಂತ ನೀವು ಒಳಗೆ ಮಾತಾಡ್ತಿದ್ರಲ್ಲ, ಯಾವ ಪ್ಲಾಸ್ಟಿಕ್ಕು ಅದು?" ಎಂದ. ಜೀವನ್ ಅವನನ್ನು ಗದರಿ ಕಳಿಸಿದ.

ಸುದ್ದಿ ತಿಳಿದ ಬೋರಮ್ಮ ಠಾಣೆಯ ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ. ಬೆಂಚಿನ ಮೇಲೆ ಕೂತ ಕೊಟ್ರಪ್ಪನನ್ನು ಅಲ್ಲಿಂದಲೇ ದಿಟ್ಟಿಸಿದಳು. ಅವನೂ ದಿಟ್ಟಿಸಿದ. ನಿನ್ನೆ ಬೆಳಿಗ್ಗೆಯವರೆಗೆ ಅವನ ಕಣ್ಣಲ್ಲಿದ್ದ ಸಿಟ್ಟು ಈಗ ಅವಳ ಕಣ್ಣಲ್ಲಿತ್ತು. ಅಮರೇಶ ಅದನ್ನು ಕಂಡ. ಎದ್ದು ಬಾಗಿಲು ಮುಂದೆ ಮಾಡಿದ.

ಹೇಳಿಕೆ ಬರೆದುಕೊಳ್ಳಲು ಕೂತ. ಕೊಟ್ರಪ್ಪ ಯಾವುದನ್ನೂ ಮುಚ್ಚಿಡಲಿಲ್ಲ. ಕೀಲಿ, ಕಡ್ಡಿ, ತಂತಿ, ಹಸಿರು, ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದ. ರೇವಣಸಿದ್ದ ಸತ್ತಾಗ ಮುನಿರಾಮಯ್ಯ ಬಾಯಿ ಬಿಟ್ಟು ಹೇಳದೆ ಉಳಿಸಿಕೊಂಡ ಮಾತು ಒಂದೇ ಒಂದಿತ್ತು. ಅಮರೇಶ ಪೆನ್ನು ಹಿಡಿದು ಅದಕ್ಕಾಗಿಯೂ ಸ್ವಲ್ಪ ಹೊತ್ತು ಕಾದ.

ತಪ್ಪಾಯ್ತು ಎಂದು ಕೊಟ್ರಪ್ಪನೂ ಹೇಳಲಿಲ್ಲ.