ಷರಾ ಕಾಲಂ

ನಮ್ಮ ಎಫ್‌ಎಂ ಸ್ಟೇಷನ್ ಶುರುವಾದ ಮೂರನೇ ವಾರಕ್ಕೇ ನಾನು ಅವಳಿಂದ ಬೈಸಿಕೊಂಡೆ. ಹಾಸಿಗೆ ಅಂಗಡಿಯ ಜಾಹೀರಾತನ್ನು ಎರಡು ಸಲ ಓದಿ, ಹಲ್ಲುಪುಡಿಯದನ್ನು ಪೂರ್ತಿ ನುಂಗಿಬಿಟ್ಟಿದ್ದೆ.

“ಮಾಮನವ್ರೇ, ದಿನಾ ಲಾಗ್ ಅಂತ ಒಂದು ಹಾಳೆ ಕೊಡ್ತೀನಲ್ಲ, ಅದು ಓದೋಕೆ. ಗಾಳಿ ಬೀಸ್ಕೊಳ್ಳೋಕಲ್ಲ.”

ಅವಳು ನಗಲಿಲ್ಲ. ಆದರೆ ಎಡಗೆನ್ನೆ ಒಂಚೂರು ಅಲುಗಿತು. ನಗು ಬಂದು ಬಾಗಿಲಲ್ಲೇ ನಿಂತಿದೆ, ಒಳಗೆ ಕರೆಯುವ ಮನಸ್ಸು ಅವಳಿಗಿಲ್ಲ ಎಂದು ನನಗೆ ಗೊತ್ತಾಯಿತು. ಅವತ್ತಿಡೀ ಆ ಎಡಗೆನ್ನೆಯದೇ ಯೋಚನೆ.

ಆಗ ನನಗೆ ಇಪ್ಪತ್ತೆಂಟು. ಬೆಳಗ್ಗೆ ಆರರಿಂದ ಹತ್ತರವರೆಗೆ ಮೈಕ್ ಮುಂದೆ ಕೂರುತ್ತಿದ್ದ ನನಗೆ ಮ್ಯಾನೇಜರು ‘ಮುಂಜಾನೆ ಮಾಮ’ ಎಂದು ಹೆಸರಿಟ್ಟಿದ್ದರು. ಇನ್ನೂ ಮದುವೆಯಾಗದವನನ್ನು ಇಡೀ ಊರು ಮಾಮ ಎಂದು ಕರೆಯುವುದು ಎಂಥ ಹಿಂಸೆ ಎಂದು ಅವರಿಗೆ ತಿಳಿಯಲಿಲ್ಲ. ಅವಳು ಲಾಗ್ ಬರೆಯುವವಳಾದ್ದರಿಂದ ಲಾಗಮ್ಮ. ಟ್ರಾನ್ಸ್‌ಮಿಟರ್ ನೋಡಿಕೊಳ್ಳುವ ಎಂಜಿನಿಯರ್ ಫ್ಯೂಸಣ್ಣ. ಮೊದಲ ದಿನವೇ ತನ್ನ ಇಸ್ತ್ರಿಪೆಟ್ಟಿಗೆಯನ್ನು ತಪ್ಪು ಪ್ಲಗ್ಗಿಗೆ ಹಾಕಿ, ಹನ್ನೊಂದು ನಿಮಿಷ ಸ್ಟೇಷನ್ನನ್ನೇ ಮಲಗಿಸಿದ ಪುಣ್ಯಾತ್ಮ ಅವನು.

ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಎರಡು ಕೋಣೆ. ಒಂದು ಸ್ಟುಡಿಯೋ, ಅಲ್ಲಿ ನಾನು; ಗಾಜಿನಾಚೆ ಆಫೀಸು, ಅಲ್ಲಿ ಫ್ಯೂಸಣ್ಣ. ಸದ್ದು ತಡೆಯಲೆಂದು ಗೋಡೆಗೆ ಹೊಡೆದ ಹಳೇ ಕಂಬಳಿಗಳು ಬೇಸಿಗೆಯಲ್ಲಿ ವಾಸನೆ ಹೊಡೆಯುತ್ತಿದ್ದವು. ಕೆಳಗೆ ಯಾರಾದರೂ ಬೆಲ್ ಪರೀಕ್ಷೆ ಮಾಡಿದರೆ ಅದು ವಾರ್ತೆಯ ನಡುವೆ ಕೇಳಿಸುತ್ತಿತ್ತು.

ಅವಳು ಹತ್ತಕ್ಕೆ ಬರುವಳು, ನಾನು ಹತ್ತಕ್ಕೆ ಹೊರಡುವವನು. ಮೆಟ್ಟಿಲ ಮೇಲೆ ಅರ್ಧ ನಿಮಿಷ ಸಿಕ್ಕರೆ ಅದೇ ಹೆಚ್ಚು. ಆದರೆ ಲಾಗ್ ಹಾಳೆ ನಮ್ಮಿಬ್ಬರ ನಡುವೆ ದಿನಾ ಓಡಾಡುತ್ತಿತ್ತು. ಯಾವ ನಿಮಿಷಕ್ಕೆ ಯಾವ ಹಾಡು, ಯಾವ ಜಾಹೀರಾತು, ಎಷ್ಟು ಸೆಕೆಂಡು ಎಂದು ಅವಳು ಹಿಂದಿನ ಸಂಜೆಯೇ ಟೈಪ್ ಮಾಡಿಟ್ಟು ಹೋಗುವಳು. ಬೆಳಗ್ಗೆ ನಾನು ಒಂದೊಂದೇ ಪ್ರಸಾರ ಮಾಡಿ ಪಕ್ಕದಲ್ಲಿ ಟಿಕ್ ಹಾಕಿ, ಕೊನೆಗೆ ಸಹಿ ಮಾಡಿ ಅವಳ ಮೇಜಿನ ಮೇಲೆ ಇಡಬೇಕು. ಹಾಳೆಯ ಬಲತುದಿಯಲ್ಲಿ ‘ಷರಾ’ ಎಂಬ ಒಂದು ಸಣ್ಣ ಕಾಲಂ. ಹಾಡು ಅರ್ಧಕ್ಕೆ ನಿಂತಿತು, ಕರೆಂಟ್ ಹೋಯಿತು, ಇಂಥವನ್ನು ಬರೆಯಲು ಇಟ್ಟದ್ದು.

ಬೈದ ಮಾರನೇ ದಿನ ಹಲ್ಲುಪುಡಿಯ ಎದುರು ಅವಳ ಷರಾ ಇತ್ತು: “ಇವತ್ತು ಮರೆಯಬೇಡಿ.” ನಾನು ಪೆನ್ನಿನಲ್ಲಿ ಕೆಳಗೆ ಬರೆದೆ: “ಹಲ್ಲುಜ್ಜಿಕೊಂಡೇ ಬಂದಿದ್ದೇನೆ.”

ಅಲ್ಲಿಂದ ಶುರುವಾಯಿತು. “ನಿನ್ನೆ ಗಂಟಲು ಕಟ್ಟಿತ್ತು, ಬಿಸಿನೀರು ಕುಡೀರಿ.” “ಕೇಳ್ತಿದ್ರಾ?” “ಕೆಲಸ, ಅದಕ್ಕೆ ಕೇಳ್ತೀನಿ.” “ಭಾನುವಾರ ಕೆಲಸ ಇರಲ್ವಲ್ಲ, ಆಗಲೂ ಕೇಳಿದ್ರಂತೆ, ಫ್ಯೂಸಣ್ಣ ಹೇಳಿದ.” “ಫ್ಯೂಸಣ್ಣನ ಬಾಯಿಗೆ ಫ್ಯೂಸ್ ಹಾಕ್ಬೇಕು.”

ಹೀಗೆ ನಾಲ್ಕು ವರ್ಷ. ಊರಿಗೆಲ್ಲ ಗಂಟೆಗಟ್ಟಲೆ ಹರಟುವ ನನಗೆ ಎದುರಿಗೆ ಅವಳು ನಿಂತರೆ ನಾಲಿಗೆ ಹೊರಳುತ್ತಿರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಇದ್ದೆ. ಕಾಲಂ ಹೇಗೂ ನಾಳೆಯೂ ಇರುತ್ತದಲ್ಲ ಎಂಬ ಧೈರ್ಯ.

ಒಂದು ಸೋಮವಾರ ಕಂಪ್ಯೂಟರ್ ಬಂತು. ಹಾಳೆ ಹೋಯಿತು. ಅವಳು ಆಫೀಸಿನಲ್ಲಿ ಟೈಪ್ ಮಾಡಿದ್ದು ಸ್ಟುಡಿಯೋದ ಸ್ಕ್ರೀನಿಗೆ ನೇರವಾಗಿ ಬರತೊಡಗಿತು. ಸಮಯ, ಹಾಡು, ಸೆಕೆಂಡು, ಅಷ್ಟೇ. ಷರಾ ಇಲ್ಲ. ಮಂಗಳವಾರವೂ ಇಲ್ಲ. ನನಗೆ ಎಂಥದೋ ಕೋಪ ಬಂತು. ಒಂದು ಕಾಲಂ ಹೋದರೆ ಏನಂತೆ, ಮನಸ್ಸಿದ್ದವರು ಒಂದು ಚೀಟಿ ಬರೆದಿಡಲು ಆಗದೇ ಎಂದು ಮುಖ ಊದಿಸಿಕೊಂಡೆ. ನಾನೂ ಬರೆದಿಡಬಹುದಿತ್ತು ಎಂಬುದು ಆಗ ತಲೆಗೆ ಹೋಗಲಿಲ್ಲ.

ಶುಕ್ರವಾರ ಮೆಟ್ಟಿಲ ಮೇಲೆ ಸಿಕ್ಕಳು.

“ಅಕ್ಕನ ಊರಲ್ಲಿ ಆಸ್ಪತ್ರೆ ರೆಕಾರ್ಡ್ ಸೆಕ್ಷನ್ನಿನಲ್ಲಿ ಕೆಲಸ ಸಿಕ್ಕಿದೆ. ಇವತ್ತು ಒಪ್ಕೊಂಡು ಬರೆದೆ,” ಎಂದಳು.

“ಒಳ್ಳೇದಾಗ್ಲಿ,” ಎಂದೆ ನಾನು.

ಅವಳು ನನ್ನನ್ನೇ ನೋಡಿದಳು. ಮೊದಲು ಕಣ್ಣು, ಆಮೇಲೆ ಬಾಯಿ, ಇನ್ನೊಂದು ಮಾತು ಬರಬಹುದೇನೋ ಎಂಬಂತೆ ಮತ್ತೆ ಕಣ್ಣು. ಕೆಳಗೆ ಸೈಕಲ್ಲಿಗೆ ಗಾಳಿ ತುಂಬುವ ಸದ್ದು ಬರುತ್ತಿತ್ತು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

ಇದಾಗಿ ಹನ್ನೆರಡು ವರ್ಷ. ಈಗ ಸ್ಟೇಷನ್ನನ್ನೇ ಮಾರಿದ್ದಾರೆ. ಈ ಶನಿವಾರ ಮಧ್ಯಾಹ್ನ ಹನ್ನೆರಡರಿಂದ ಎಲ್ಲ ಕಾರ್ಯಕ್ರಮವೂ ಬೇರೆ ಊರಿನಿಂದ, ನಮ್ಮ ಮೈಕುಗಳಿಗೆ ಕೆಲಸವಿಲ್ಲ ಎಂದಾಯಿತು. ಕೊನೆಯ ಎರಡು ಗಂಟೆ ‘ನಮ್ಮ ಸ್ಟೇಷನ್ ಕಥೆ’ ಎಂಬ ಕಾರ್ಯಕ್ರಮ ಮಾಡಿ, ಹಳಬರನ್ನೆಲ್ಲ ಕರೆಸಿ ಎಂದು ಮ್ಯಾನೇಜರು ನನಗೆ ಹೇಳಿದರು. ಲಾಗಮ್ಮನಿಗೆ ಫೋನ್ ಮಾಡಿದವನು ಫ್ಯೂಸಣ್ಣ. ನನಗೆ ಧೈರ್ಯವಾಗಲಿಲ್ಲ.

ಇತಿಹಾಸ ಬೇಕೆಂದು ಗುರುವಾರ ಅವನು ಹಳೇ ಆಫೀಸ್ ಕಂಪ್ಯೂಟರನ್ನು ಹೇಗೋ ಎಬ್ಬಿಸಿ, ಕಂಪ್ಯೂಟರ್ ಬಂದ ಮೊದಲ ವಾರದ ಲಾಗನ್ನು ಪ್ರಿಂಟ್ ತೆಗೆದುಕೊಟ್ಟ. ಬಲತುದಿಯಲ್ಲಿ ಷರಾ ಕಾಲಂ ಇತ್ತು.

“ಇದೆಲ್ಲಿಂದ ಬಂತು?” ಎಂದೆ.

“ಆಫೀಸ್ ಸ್ಕ್ರೀನಲ್ಲಿ ಇತ್ತಪ್ಪ. ಸ್ಟುಡಿಯೋ ಸ್ಕ್ರೀನಲ್ಲಿ ಜಾಗ ಸಾಲಲ್ಲ ಅಂತ ಸೆಟ್ ಮಾಡೋಕೆ ಬಂದವನು ಅದೊಂದನ್ನ ಮುಚ್ಚಿಬಿಟ್ಟಿದ್ದ. ಯಾರೂ ಕೇಳ್ಲಿಲ್ಲ, ನಾನೂ ಸುಮ್ನಾದೆ.”

ಸೋಮವಾರ, ಬೆಳಗ್ಗೆ ಏಳು ಹತ್ತರ ಸೋಪಿನ ಜಾಹೀರಾತಿನ ಎದುರು: “ಅಕ್ಕನ ಊರಲ್ಲಿ ಕೆಲಸ ಸಿಗೋ ಹಾಗಿದೆ. ಶುಕ್ರವಾರದೊಳಗೆ ಹೇಳಬೇಕು. ಹೋಗಲಾ?” ಮಂಗಳವಾರ: “ಓದಿದ್ರಾ?” ಬುಧವಾರ: “ಬೇಡ ಅಂತ ಒಂದು ಮಾತು ಹೇಳಿದರೆ ಸಾಕು. ಇಲ್ಲೇ ಇರ್ತೀನಿ. ಯಾಕೆ ಅಂತ ನಿಮಗೆ ಗೊತ್ತು.” ಗುರುವಾರದ ಕಾಲಂ ಖಾಲಿ.

ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ. ನಲವತ್ತನಾಲ್ಕು ವರ್ಷದ ಮಾಮ, ಚಿಕ್ಕ ಮಗುವಿನ ಹಾಗೆ ಬಿಕ್ಕಿಬಿಕ್ಕಿ ಅತ್ತೆ. ಅವಳು ಬಂದ ಕೂಡಲೇ ಈ ಹಾಳೆ ತೋರಿಸಬೇಕು, ಬಾಕಿ ಏನಾದರಾಗಲಿ ಎಂದು ತೀರ್ಮಾನಿಸಿದೆ.

ಶನಿವಾರ ಹತ್ತಕ್ಕೆ ಹತ್ತು ನಿಮಿಷವಿರುವಾಗ ಸ್ಟುಡಿಯೋಗೆ ಬಂದಳು. ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು, ಹೊಟ್ಟೆಯ ಹತ್ತಿರ ಕಣ್ಣು ಸ್ವಲ್ಪ ಹೊತ್ತು ನಿಂತಿತು.

“ಈಗ ಮಾಮ ಅನ್ನೋಕೆ ಮೋಸ ಇಲ್ಲ ಬಿಡಿ.”

“ನೀವೇನು ಕಮ್ಮಿನಾ? ಕನ್ನಡಕ ಬಂದಿದೆ.”

“ಸ್ಪಷ್ಟವಾಗಿ ನೋಡ್ಬೇಕಲ್ಲ, ಅದಕ್ಕೆ.”

ಆ ಎಡಗೆನ್ನೆ ಅಲುಗಿತು. ನಾನು ಮೇಜಿನ ಮೇಲಿದ್ದ ಆ ಪ್ರಿಂಟ್ ಹಾಳೆಯ ಕಡೆ ಕೈ ಚಾಚಿದೆ. ಅಷ್ಟರಲ್ಲಿ ಅವಳೇ ಮಾತು ತೆಗೆದಳು.

“ನಿಮ್ಮ ಮೇಲೆ ಎರಡು ವರ್ಷ ಕೋಪ ಇತ್ತು ನಂಗೆ. ಅಷ್ಟು ಬಾಯಿಬಿಟ್ಟು ಕೇಳಿದ್ರೂ ಉತ್ತರ ಇಲ್ವಲ್ಲ ಅಂತ. ಆಮೇಲೆ ಅರ್ಥ ಆಯ್ತು. ನೀವು ಓದಿ ಯೋಚನೆ ಮಾಡಿರ್ತೀರಿ, ಹೋಗ್ಲಿ, ಅವಳಿಗೆ ಒಳ್ಳೇದಾಗತ್ತೆ ಅಂತ ಬಿಟ್ಟಿರ್ತೀರಿ. ಹಾಗಂದ್ಕೊಂಡ ಮೇಲೇ ಮದುವೆಗೆ ಹೂಂ ಅಂದಿದ್ದು. ನಮ್ಮನೆಯವರು ತುಂಬ ಒಳ್ಳೆಯವರು. ಮಗಳಿಗೆ ಈಗ ಏಳು.”

ನಾನು ಸ್ಕ್ರಿಪ್ಟಿನ ಫೈಲನ್ನು ಮೆಲ್ಲಗೆ ಹಾಳೆಯ ಮೇಲೆ ಎಳೆದೆ.

“ಒಂದೊಂದ್ಸಲ ಮಾತ್ರ, ನೀವು ಓದೇ ಇರ್ಲಿಲ್ವೇನೋ ಅನ್ಸತ್ತೆ. ಹಾಗನ್ನಿಸಿದ ದಿನ ಅಡುಗೆ ಕೆಡತ್ತೆ, ಮಗಳ ಮೇಲೆ ರೇಗ್ತೀನಿ.” ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. “ಓದಿದ್ರಿ ತಾನೆ?”

“ಮೂವತ್ತು ಸೆಕೆಂಡ್,” ಎಂದ ಫ್ಯೂಸಣ್ಣ, ಗಾಜಿನಾಚೆಯಿಂದ. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡೆವು.

ಕಂಬಳಿ ಗೋಡೆ, ಇಸ್ತ್ರಿಪೆಟ್ಟಿಗೆ, ವಾರ್ತೆಯಲ್ಲಿ ಸೈಕಲ್ ಬೆಲ್ಲು, ಎಲ್ಲವನ್ನೂ ಹೇಳಿದೆವು. ಅವಳು ಚೆನ್ನಾಗಿ ಮಾತಾಡಿದಳು. ನಾನು ಹಾಸಿಗೆ ಜಾಹೀರಾತು ಎರಡು ಸಲ ಓದಿದ್ದನ್ನು ಹೇಳಿ ಊರನ್ನೆಲ್ಲ ನಗಿಸಿದಳು. ಆಮೇಲೆ ಅವಳ ದನಿ ತಗ್ಗಿತು.

“ಆಗಿನ ಲಾಗಿನಲ್ಲಿ ಷರಾ ಅಂತ ಒಂದು ಕಾಲಂ ಇತ್ತು. ಆ ಇಡೀ ಹಾಳೆಯಲ್ಲಿ ನನಗೆ ಇಷ್ಟವಾದ ಜಾಗ ಅದು.”

ಫ್ಯೂಸಣ್ಣನ ಮುಂದೆಯೂ ಒಂದು ಮೈಕ್ ಇಟ್ಟಿದ್ದೆವು, ಅವನೂ ಹಳಬನಲ್ಲವೇ. ಅವನು ಹುಮ್ಮಸ್ಸಿನಿಂದ ಬಾಯಿ ಹಾಕಿದ. “ಆ ಕಾಲಂದು ಒಂದು ತಮಾಷೆ ಕೇಳಿ. ಕಂಪ್ಯೂಟರ್ ಬಂದ ದಿನ ಏನಾಯ್ತು ಅಂದ್ರೆ, ಸ್ಟುಡಿಯೋ—”

ನಾನು ಅವನ ಮೈಕಿನ ದನಿ ತಗ್ಗಿಸುವ ಫೇಡರನ್ನು ಪೂರ್ತಿ ಕೆಳಗೆಳೆದೆ. ಗಾಜಿನಾಚೆ ಅವನ ಬಾಯಿ ಆಡುತ್ತಲೇ ಇತ್ತು, ಕೈಯಿಂದ ಸ್ಕ್ರೀನಿನ ಆಕಾರ ಬೇರೆ ತೋರಿಸುತ್ತಿದ್ದ. ನಮ್ಮ ಕಿವಿಗೆ ಒಂದಕ್ಷರ ಬರಲಿಲ್ಲ. ಅವಳು ಅವನನ್ನು ನೋಡಿದಳು, ಆಮೇಲೆ ನನ್ನನ್ನು.

“ಫ್ಯೂಸಣ್ಣನ ಮೈಕಿನ ಫ್ಯೂಸ್ ಹೋಗಿದೆ, ನಾನೇ ಹೇಳ್ತೀನಿ,” ಎಂದೆ. “ಕಂಪ್ಯೂಟರ್ ಬಂದ ಮೇಲೂ ಷರಾ ಕಾಲಂ ಇತ್ತು, ಸ್ನೇಹಿತರೇ. ನನ್ನ ಸ್ಕ್ರೀನಿನಲ್ಲೇ ಇತ್ತು. ದಿನಾ ಬೆಳಗ್ಗೆ ಮೊದಲು ಓದ್ತಾ ಇದ್ದದ್ದೇ ಅದನ್ನ. ಲಾಗಮ್ಮ ಹೋಗಿ ಒಂದು ವರ್ಷ ಆದ ಮೇಲೆ ಅದನ್ನ ತೆಗೆದ್ರು. ಬರೆಯೋರೇ ಇರ್ಲಿಲ್ಲ ನೋಡಿ.”

ಹಾಡು ಹಾಕಿ ಮೈಕ್ ಮುಚ್ಚಿದೆ. ಅವಳು ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ನಾಲ್ಕು ನಿಮಿಷದ ಹಾಡು.

“ಹಾಗಾದ್ರೆ ಓದಿದ್ರಿ.”

“ಓದಿದ್ದೆ.”

“ಮೂರು ದಿನದ್ದೂ?”

“ಮೂರು ದಿನದ್ದೂ.”

“ಇಷ್ಟ ಇರ್ಲಿಲ್ವಾ?”

ಇದಕ್ಕೆ ಸುಳ್ಳು ಹೇಳುವ ಅಗತ್ಯವಿರಲಿಲ್ಲ. “ಇತ್ತು. ಇದೆ. ನಿಮ್ಮನ್ನ ಬಿಟ್ಟು ಇನ್ಯಾರ ಮೇಲೂ ನನಗೆ ಹಾಗೆ ಅನ್ನಿಸ್ಲೇ ಇಲ್ಲ.”

ಅವಳ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ. ಮೇಜಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು. ಹದಿನಾರು ವರ್ಷಗಳಲ್ಲಿ ನಾವು ಒಬ್ಬರನ್ನೊಬ್ಬರು ಮುಟ್ಟಿದ್ದು ಅದೇ ಮೊದಲು. ಕೈ ತಣ್ಣಗಿತ್ತು, ಬೆರಳಿನ ತುದಿಯಲ್ಲಿ ಆಸ್ಪತ್ರೆ ರಿಜಿಸ್ಟರಿನ ಶಾಯಿ ಹತ್ತಿತ್ತು. ಹಾಡಿನ ಎರಡನೇ ಚರಣ ಮುಗಿಯುವವರೆಗೆ ಹಾಗೇ ಇದ್ದೆವು. ಗಾಜಿನಾಚೆ ಫ್ಯೂಸಣ್ಣ ಬೇಕೆಂದೇ ನಮಗೆ ಬೆನ್ನು ಹಾಕಿ ಕೂತಿದ್ದ.

“ಹನ್ನೊಂದರ ಬಸ್ಸು,” ಎಂದು ಎದ್ದಳು. “ಮಗಳು ಕಾಯ್ತಿರ್ತಾಳೆ.”

ಬಾಗಿಲವರೆಗೆ ಹೋದೆ. ಹಾಡಿನಲ್ಲಿ ಇನ್ನು ಐವತ್ತು ಸೆಕೆಂಡಿತ್ತು. ಅವಳು ಹಿಡಿಯ ಮೇಲೆ ಕೈಯಿಟ್ಟು ನಿಂತಳು.

“ಬರುವಾಗ ದಾರಿಯುದ್ದಕ್ಕೂ ಅದೇ ಹೆದರಿಕೆ ಇತ್ತು. ನೀವು ಓದಿರ್ಲಿಲ್ಲ ಅಂತೇನಾದ್ರೂ ಹೇಳಿದ್ರೆ, ಇವತ್ತು ನಾನು ವಾಪಸ್ ಹೋಗ್ತಿರ್ಲಿಲ್ಲ.”

ನಾನು ಬಾಗಿಲು ತೆರೆದು ಹಿಡಿದೆ. ಅವಳು ಮೆಟ್ಟಿಲಿಳಿದು ಹೋದಳು, ನಾನು ಬಂದು ಮೈಕ್ ಮುಂದೆ ಕೂತೆ.