ಯಾರೂ ಮುಟ್ಟದ ರಕ್ತ

ಗದಗಿನ ಆಸ್ಪತ್ರೆಯೊಂದರ ನೆಲಮಹಡಿಯಲ್ಲಿ ಕಣಜ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಎರಡು ಕಪಾಟುಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದಷ್ಟು ದೊಡ್ಡ ಯಂತ್ರ ಅದು. ಒಂದು ಬದಿಯಿಂದ ಸಕ್ಕರೆ, ಲವಣ, ಕಬ್ಬಿಣದ ಅಂಶ, ಒಂದಿಷ್ಟು ಪ್ರೋಟೀನು ಬೆರೆತ ದ್ರವ ಒಳಕ್ಕೆ ಹೋಗುತ್ತಿತ್ತು. ಇನ್ನೊಂದು ಬದಿಯಿಂದ ಕೆಂಪು ರಕ್ತಕಣಗಳು ತುಂಬಿದ ಚೀಲ ಹೊರಗೆ ಬರುತ್ತಿತ್ತು. ನಡುವೆ ನಡೆಯುತ್ತಿದ್ದದ್ದು ನಮ್ಮ ಮೂಳೆಗಳ ಮಜ್ಜೆಯಲ್ಲಿ ಹಗಲಿರುಳು ನಡೆಯುವ ಕೆಲಸವೇ. ಆಕರಕೋಶ, ಅಂದರೆ ಬೇರೆ ಬೇರೆ ಬಗೆಯ ಕಣವಾಗಿ ಬೆಳೆಯಬಲ್ಲ ತಾಯಿಕೋಶ, ಒಡೆದು ಎರಡಾಗಿ ನಾಲ್ಕಾಗಿ, ಕೊನೆಗೆ ತನ್ನ ಹೊಟ್ಟೆಯೊಳಗಿನ ನ್ಯೂಕ್ಲಿಯಸ್ಸನ್ನು ಹೊರಗೆಸೆದು, ಆಮ್ಲಜನಕ ಹೊರುವ ಕೆಂಪು ಬಿಲ್ಲೆಯಾಗುತ್ತಿತ್ತು.

ಅದನ್ನು ರೂಪಿಸಿದಾಕೆ ಶಾಲ್ಮಲಾ ಕುಬಸದ. ಐವತ್ತು ದಾಟಿದ ವಿಜ್ಞಾನಿ, ಅದೇ ಆಸ್ಪತ್ರೆಯ ರಕ್ತವಿಭಾಗದ ಮುಖ್ಯಸ್ಥೆ. ಆಕೆಯ ಕಣಜ ರಾಜ್ಯದ ಆಸ್ಪತ್ರೆಗಳಿಗೆಲ್ಲ ಬಂದ ಮೇಲೆ ಥಲಸೀಮಿಯಾ ಮಕ್ಕಳ ತಾಯಂದಿರು ರಕ್ತಕ್ಕಾಗಿ ಊರೂರು ಅಲೆಯುವುದು ತಪ್ಪಿತು. ಆ ಮಕ್ಕಳ ಮೈಗೆ ತಾನಾಗಿ ಸರಿಯಾದ ಕೆಂಪುಕಣ ಮಾಡಿಕೊಳ್ಳಲು ಬರುವುದಿಲ್ಲ; ಕೆಲವು ವಾರಗಳಿಗೊಮ್ಮೆ ರಕ್ತ ಕೊಡಲೇಬೇಕು. ಈಗ ಅವರು ಶಾಲೆ ಬಿಟ್ಟ ಮೇಲೆ ಬಂದು, ಚೀಲ ಮುಗಿಯುವತನಕ ಗದ್ದಲ ಹಾಕಿ ಹೋಗುತ್ತಿದ್ದರು. ಶಾಲ್ಮಲಾಗೆ ಆ ಗದ್ದಲ ಕೇಳುವುದೆಂದರೆ ಹಿಗ್ಗು.

ಆದರೆ ಒಂದು ಎಡವಟ್ಟು ಆಗಿತ್ತು. ಕಣಜ ಹೊಸದಾಗಿ ಬಂದಾಗ, ಮಶೀನಿನ ರಕ್ತ ಮೈಗೆ ಹಿಡಿಯುತ್ತದೋ ಇಲ್ಲವೋ ಎಂದು ಜನ ಹೆದರಿದ್ದರು. ಆಗ ಪ್ರಚಾರದವರು ಒಂದು ಸಾಲು ಬರೆದುಕೊಂಡು ಬಂದರು: ‘ಯಾರೂ ಮುಟ್ಟದ ರಕ್ತ.’ ಯಾರ ರೋಗವೂ ಅಂಟದ್ದು ಎಂಬುದು ಅದರ ಅರ್ಥ. ಶಾಲ್ಮಲಾ ಕೆಲಸದ ಗಡಿಬಿಡಿಯಲ್ಲಿ ಓದಿ ಒಪ್ಪಿಬಿಟ್ಟಳು. ನಮ್ಮ ಜನರ ಕಿವಿಗೆ ಅದು ಬೇರೆಯೇ ಆಗಿ ಬಿತ್ತು. ನೋಡನೋಡುತ್ತ ಕಣಜದ್ದು ಮಡಿರಕ್ತ, ಮನುಷ್ಯರ ಮೈಯಿಂದ ತೆಗೆದದ್ದು ಎಂಜಲು ರಕ್ತ ಎಂದಾಯಿತು. ರಕ್ತದಾನ ಶಿಬಿರಗಳು ನಿಂತವು. ಗಂಡು ಹೆಣ್ಣು ನೋಡುವಾಗ, ಮನೆಯಲ್ಲಿ ಯಾರಿಗಾದರೂ ಹಿಂದೆ ‘ಮಂದಿ ರಕ್ತ’ ಹಾಕಿಸಿದ್ದುಂಟೇ ಎಂದು ಕೇಳುವವರೂ ಹುಟ್ಟಿಕೊಂಡರು. ವಿಜ್ಞಾನದ ಹಿತ್ತಿಲಲ್ಲೂ ನಮ್ಮವರು ಒಂದು ಮಡಿಕೋಲು ನೆಟ್ಟೇಬಿಟ್ಟರು. ಈ ಬುದ್ಧಿಗೆ ಏನೆನ್ನಬೇಕು ಹೇಳಿ.

ಇಂಚರಾ ಎಂಬ ಬಾಣಂತಿಗೆ ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದೆ ಹೋದದ್ದು ಒಂದು ಮಂಗಳವಾರ ಬೆಳಗ್ಗೆ. ಹೆಣ್ಣು ಕೂಸು ಚೆನ್ನಾಗಿತ್ತು. ವೈದ್ಯರು ಕಷ್ಟಪಟ್ಟು ಸ್ರಾವ ನಿಲ್ಲಿಸಿದರು, ಆದರೆ ಅಷ್ಟರಲ್ಲಿ ತಾಯಿಯ ಮೈ ಬಿಳಿಚಿಕೊಂಡು ನಾಡಿ ಓಡತೊಡಗಿತ್ತು. ಕಣಜದ ಚೀಲ ತಂದು ತೂಗುಹಾಕಿದರು. ಕೆಲವು ಹನಿ ಒಳಗೆ ಹೋಗುತ್ತಲೇ ಇಂಚರಾ ಗಡಗಡ ನಡುಗಿದಳು. “ಸೊಂಟ ಹಿಡದಂಗ ಆಗಾಕತ್ತೈತ್ರಿ,” ಎಂದಳು. ಪಕ್ಕದಲ್ಲಿದ್ದ ನರ್ಸ್ ಜಬೀನಾ ತಡಮಾಡದೆ ಕೊಳವೆ ಮುಚ್ಚಿ, ಚೀಲ ಬಿಚ್ಚಿ, ಶಾಲ್ಮಲಾಳನ್ನು ಕರೆದಳು.

ಹಿಂದೆಲ್ಲ ರಕ್ತ ಕೊಡುವ ಮೊದಲು ರೋಗಿಯ ರಕ್ತದ ಜೊತೆ ಕೊಡುವ ರಕ್ತವನ್ನು ಬೆರೆಸಿ, ಎರಡೂ ಹೊಂದುತ್ತವೆಯೇ ಎಂದು ನೋಡುವುದು ಕಡ್ಡಾಯವಾಗಿತ್ತು. ಕಣಜ ಕೊಡುತ್ತಿದ್ದದ್ದು ಓ ನೆಗೆಟಿವ್ ಕಣ. ಅದು ಎಲ್ಲರಿಗೂ ಆಗುತ್ತದೆಂಬ ಧೈರ್ಯದಲ್ಲಿ ಹೊಂದಿಸಿ ನೋಡುವ ಪದ್ಧತಿಯನ್ನೇ ಬಿಟ್ಟಿದ್ದರು. ಈಗ ಶಾಲ್ಮಲಾ ತಾನೇ ಕೂತು ಗಾಜಿನ ಪಟ್ಟಿಯ ಮೇಲೆ ಎರಡನ್ನೂ ಬೆರೆಸಿದಳು. ಕಣಗಳು ಒಡೆದ ಹಾಲಿನಂತೆ ಗಂಟು ಗಂಟಾದವು. ಇಂಚರಾಳ ಕಣಗಳನ್ನು ಬೇರೆಯಾಗಿಯೂ ಪರೀಕ್ಷಿಸಿ ನೋಡಿದಳು.

“ಬಾಂಬೆ ಗುಂಪು,” ಎಂದಳು ಶಾಲ್ಮಲಾ.

“ಹಂಗಂದ್ರ ಏನ್ರಿ ಮೇಡಂ?” ಎಂದಳು ಜಬೀನಾ. ಆಕೆ ನರ್ಸಿಂಗ್ ಕಲಿತದ್ದು ಕಣಜ ಬಂದ ಮೇಲೆ.

“ಕೆಂಪುಕಣದ ಮ್ಯಾಲ ಎ, ಬಿ ಅಂತ ಗುರುತು ಇರತಾವಲ್ಲ, ಅವು ಎಚ್ ಅನ್ನೂ ಬುನಾದಿ ಮ್ಯಾಲ ಕುಂತಿರತಾವ. ಓ ಗುಂಪಿನವರಿಗೆ ಎ, ಬಿ ಇರಂಗಿಲ್ಲ, ಆದ್ರ ಬುನಾದಿ ಇರತೈತಿ. ಈಕಿಗೆ ಆ ಬುನಾದಿನ ಇಲ್ಲ. ಅದಕ್ಕ ಈಕಿ ಮೈ ಓ ರಕ್ತಾನೂ ಪರದೇಶಿ ಅಂತ ತಿಳದು ಹೊಡದಾಕತೈತಿ. ಹತ್ತು ಸಾವಿರ ಮಂದಿಯೊಳಗ ಒಬ್ಬರಿಗೆ ಹಿಂಗ ಇದ್ರ ಇತ್ತು.”

“ಕಣಜದಾಗ ಇಂಥಾದ್ದು ಮಾಡಾಕ ಬರಂಗಿಲ್ಲೇನ್ರಿ?”

“ಬರತೈತಿ. ಇಂಥವರದ ಬೀಜ ಹಾಕಿ ಬೆಳಸಬೇಕು. ವಾರಗಟ್ಟಲೆ ಬೇಕು ಅದಕ್ಕ.”

ಇಂಚರಾಗೆ ಇದ್ದದ್ದು ಸಂಜೆಯತನಕದ ಬಲ. ಅಷ್ಟರೊಳಗೆ ಇದೇ ಗುಂಪಿನ ಜೀವಂತ ಮನುಷ್ಯರೊಬ್ಬರು ಬಂದು ರಕ್ತ ಕೊಡಬೇಕಿತ್ತು. ಒಡಹುಟ್ಟಿದವರಲ್ಲಿ ಇದೇ ಗುಂಪು ಸಿಗುವ ಸಾಧ್ಯತೆ ಹೆಚ್ಚೆಂದು ಆಕೆಯ ತಮ್ಮನನ್ನು ಮೊದಲು ನೋಡಿದರು. ಅವನದು ಹೊಂದಲಿಲ್ಲ.

ಶಾಲ್ಮಲಾ ತನ್ನ ಮೊಬೈಲು ತೆಗೆದಳು. ಹಿಂದೊಮ್ಮೆ ಸಂಶೋಧನೆಗಾಗಿ ಬಾಂಬೆ ಗುಂಪಿನವರನ್ನು ಹುಡುಕಿದ್ದಾಗ, ಅವರು ಆಕೆಯನ್ನು ತಮ್ಮ ವಾಟ್ಸಾಪ್ ಗುಂಪಿಗೆ ಸೇರಿಸಿದ್ದರು. ‘ಅಪರೂಪದ ಬೀಗರು’ ಎಂದು ಅದರ ಹೆಸರು. ಒಬ್ಬರಿಗೆ ರಕ್ತ ಬೇಕಾದರೆ ಇನ್ನೊಬ್ಬರು ಓಡಲೆಂದು ಕಟ್ಟಿಕೊಂಡದ್ದು. ಕಣಜ ಬಂದು, ಹೊಂದಿಸಿ ನೋಡುವುದೇ ನಿಂತ ಮೇಲೆ ಈ ಗುಂಪಿನ ರಕ್ತ ಕೇಳುವವರೇ ಇಲ್ಲವಾಗಿ, ಈಗ ಅಲ್ಲಿ ಯುಗಾದಿಯ ಶುಭಾಶಯ, ಮೊಮ್ಮಕ್ಕಳ ಫೋಟೋ, ಮೊಣಕಾಲು ನೋವಿಗೆ ಮನೆಮದ್ದು, ಇಷ್ಟೇ. ಶಾಲ್ಮಲಾ ಅದರಲ್ಲಿ ನಾಲ್ಕು ಸಾಲು ಬರೆದಳು. ಯಾರೋ ಕಳಿಸಿದ್ದ ಹೂವಿನ ಚಿತ್ರದ ಕೆಳಗೇ ಉತ್ತರ ಬಂತು: ‘ಹತ್ತಿರದಾಗ ಇದೀನಿ, ಬರ್ತೀನ್ರಿ.’

ಬಂದ ಆ ವ್ಯಕ್ತಿ ಯಾರು, ಯಾವ ಊರು, ಯಾವ ಓಣಿ, ಗಂಡಸೋ ಹೆಂಗಸೋ ಎಂಬುದನ್ನು ಈ ಕತೆ ಹೇಳುವುದಿಲ್ಲ. ನಿಮಗೆ ತಿಳಿಯಬೇಕೆನಿಸಿದರೆ ಅನಿಸಲಿ.

ರಕ್ತ ಹಿಡಿಯುವ ಚೀಲವೇ ಆಸ್ಪತ್ರೆಯಲ್ಲಿರಲಿಲ್ಲ. ಬರಿಯ ಚೀಲ ಆಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ ಅದರಲ್ಲಿ ಮೊದಲೇ ಇರಬೇಕು. ಕಡೆಗೆ ಜಬೀನಾ ಪಶು ಆಸ್ಪತ್ರೆಗೆ ಫೋನು ಮಾಡಿದಳು. ದನಗಳಿಗೆ, ನಾಯಿಗಳಿಗೆ ಕಣಜ ಇನ್ನೂ ಬಂದಿರಲಿಲ್ಲವಾಗಿ ಅಲ್ಲಿ ಅಂಥ ಚೀಲಗಳಿದ್ದವು. ಸೀಲು ಒಡೆಯದ, ಹಿಂದೆ ಮನುಷ್ಯರಿಗೆ ಬಳಸುತ್ತಿದ್ದ ಅವೇ ಚೀಲಗಳು.

ಶಾಲ್ಮಲಾ ಬಂದವರ ರಕ್ತದ ಒತ್ತಡ ನೋಡಿದಳು, ಹಿಮೋಗ್ಲೋಬಿನ್ ನೋಡಿದಳು. ಊಟ ಆಗಿದೆಯೇ, ಇತ್ತೀಚೆಗೆ ಜ್ವರ ಬಂದಿತ್ತೇ, ಹಚ್ಚೆ ಹಾಕಿಸಿದ್ದುಂಟೇ ಎಂದು ಕೇಳಿದಳು. ಎಚ್‌ಐವಿ, ಕಾಮಾಲೆಯ ಎರಡು ವೈರಸ್ಸು, ಸಿಫಿಲಿಸ್, ಮಲೇರಿಯಾ, ಎಲ್ಲದರ ಪರೀಕ್ಷೆಗೂ ಮೊದಲು ಒಂದು ಸಣ್ಣ ನಳಿಕೆಯಷ್ಟು ರಕ್ತ ತೆಗೆದಳು. ಈ ಸಲ ಹೊಂದಿಸಿ ನೋಡುವುದನ್ನೂ ಮರೆಯಲಿಲ್ಲ. ಕಣಗಳು ಗಂಟಾಗಲಿಲ್ಲ.

“ನಮ್ಮ ರಕ್ತ ಮೂಲಿಗೆ ಬಿತ್ತು ಅಂದ್ಕೊಂಡಿದ್ದೆ ನೋಡ್ರಿ,” ಎಂದರು ಬಂದವರು, ತೋಳು ಚಾಚಿ ಮಲಗುತ್ತ. “ಮೊದಲು ವರ್ಷಕ್ಕ ಒಂದೆರಡ ಸಲ ಯಾರರ ಕರೀತಿದ್ರು. ಆ ಮ್ಯಾಲ ಎಂಜಲ ರಕ್ತ ಅನ್ನಾಕತ್ತಿದ್ರು. ನಮ್ಮ ಓಣ್ಯಾಗೂ ಅಂತಾರ. ಅಲ್ರಿ, ಆಕಿ ಮನಿಯವರು ಬ್ಯಾಡಂದ್ರ?”

ಶಾಲ್ಮಲಾ ಸೂಜಿ ಕೆಳಗಿಟ್ಟು, ಮೇಲೆ ವಾರ್ಡಿಗೆ ಹೋದಳು. ಆ ಮಾತು ನಿಜವಾಗಿತ್ತು. ಮನೆಯವರು ಬೇಡವೆಂದೇ ಕೂತಿದ್ದರು.

ಇಂಚರಾಳ ಅತ್ತೆ ನಿಖಿತವ್ವ. ಒಂದು ಕಾಲಕ್ಕೆ ಹುಡುಗಿಯರಿಗೆ ಇಡುತ್ತಿದ್ದ ಹೊಸ ಹೆಸರುಗಳೆಲ್ಲ ಆ ಹೊತ್ತಿಗೆ ಅತ್ತೆ ಅಜ್ಜಿಯರ ಹೆಸರಾಗಿದ್ದವು. ಆಕೆ ಸೊಸೆಯನ್ನು ಮಗಳಿಗಿಂತ ಹೆಚ್ಚಾಗಿ ಸಾಕಿದ ಹೆಂಗಸು. ಕೂಸನ್ನು ಎದೆಗವಚಿಕೊಂಡು, ಅತ್ತು ಅತ್ತು ಕಣ್ಣು ಊದಿಸಿಕೊಂಡು ವಾರ್ಡಿನ ಬಾಗಿಲಲ್ಲಿ ನಿಂತಿದ್ದಳು. ಮಗ ಅವ್ವನ ಮುಖವನ್ನೊಮ್ಮೆ ಡಾಕ್ಟರ ಮುಖವನ್ನೊಮ್ಮೆ ನೋಡುತ್ತಿದ್ದ.

“ಮಶೀನಿಂದ ಇನ್ನೊಮ್ಮೆ ಕೊಟ್ಟು ನೋಡ್ರಿ ಡಾಕ್ಟರ್ರ,” ಎಂದಳು ನಿಖಿತವ್ವ.

“ಇನ್ನೊಮ್ಮೆ ಕೊಟ್ರ ಆಕಿ ಉಳಿಯಂಗಿಲ್ರಿ ಅವ್ವಾರ.”

“ಮಂದಿ ರಕ್ತ ಹೆಂಗ ಹಾಕಸೂದ್ರಿ? ಯಾವ ಮಂದೀನೋ ಏನೋ. ನಾಳೆ ಎದಿಹಾಲಿನ್ಯಾಗ ಕೂಸಿಗೂ ಇಳೀತೈತಿ. ಬಸುರಿದ್ದಾಗಿಂದ ಆಕಿಗೆ ಮತ್ತೊಬ್ಬರ ಮನಿ ನೀರ ಸೈತ ಕುಡಿಸಿಲ್ಲ ನಾ.”

“ರಕ್ತ ಹಾಲಿನ್ಯಾಗ ಇಳಿಯಂಗಿಲ್ರಿ. ಹಾಕಿದ ಕಣ ಮೂರ್ನಾಕು ತಿಂಗಳದಾಗ ಸವದು ಹೊಕ್ಕಾವ. ಆಮ್ಯಾಲ ಉಳಿಯೂದೆಲ್ಲ ಆಕಿದ ರಕ್ತ.” ಶಾಲ್ಮಲಾಗೆ ಸಿಟ್ಟು ಬಂದಿತ್ತು. ಅದನ್ನು ನುಂಗಿಕೊಂಡು ಕೇಳಿದಳು, “ಹ್ವಾದ ವರ್ಷ ನಿಮ್ಮ ಗರ್ಭಕೋಶ ತಗದಾಗ ರಕ್ತ ಹಾಕಿದ್ವಲ್ಲ?”

“ಅದು ಮಡೀದ್ರಿ. ಕಣಜದ್ದು. ಯಾರೂ ಮುಟ್ಟದ್ದು ಅಂತ ನೀವ ಬರಸೀರಿ.”

“ಬರಸಿದ್ದು ತಪ್ಪಾತ್ರಿ. ಬೀಜ ಇಲ್ದ ಬೆಳಿ ಬರತೈತೇನು? ಒಬ್ಬರ ಮೈಯಾಗಿಂದ ಒಂದ ಚಮಚಾದಷ್ಟು ರಕ್ತ ತಗೊಂಡು, ಅದರಾಗಿನ ಕೋಶ ಬೆಳಿಸೇನಿ ನಾನು. ಇಷ್ಟ ವರ್ಷ ಇಡೀ ರಾಜ್ಯದ ಮಂದಿಗೆ ಹಾಕಿದ್ದೆಲ್ಲ ಅವರೊಬ್ಬರ ಪೈಕಿದ್ದು. ನಿಮಗೂ ಅದ ಹಾಕೀವಿ.”

ನಿಖಿತವ್ವ ಕೂಸನ್ನು ಒಂದು ತೋಳಿಗೆ ಸರಿಸಿಕೊಂಡಳು. ತನ್ನ ಕೈಯನ್ನೇ ತಿರುವಿ ನೋಡಿಕೊಂಡಳು. “ಯಾರದದು?” ಎಂದಳು ಕೊನೆಗೆ.

“ಅದನ್ನ ಹೇಳೂ ಪದ್ಧತಿ ಇಲ್ರಿ. ಮೊದಲಿಂದಾನೂ ಇಲ್ಲ. ಈಗ ಕೊಡಾಕ ಬಂದವರದೂ ಹೇಳಂಗಿಲ್ಲ. ಮತ್ತ ಇದನ್ನ ಒಪ್ಪೂದು ಬಿಡೂದು ನಿಮ್ಮ ಕೈಯಾಗಿಲ್ಲ, ನನ್ನ ಕೈಯಾಗೂ ಇಲ್ಲ. ಇಂಚರಾನ್ನ ಕೇಳೂಣು ಬರ್ರಿ.”

ಇಂಚರಾಗೆ ಎಚ್ಚರವಿತ್ತು, ತುಟಿ ಒಣಗಿತ್ತು. ಶಾಲ್ಮಲಾ ಎಲ್ಲವನ್ನೂ ಬಿಡಿಸಿ ಹೇಳಿದಳು. ಇಂಚರಾ ಅತ್ತೆಯ ಕೈಲಿದ್ದ, ಬಟ್ಟೆ ಸುತ್ತಿದ ಕೂಸಿನ ಕಡೆ ಕಣ್ಣು ಹೊರಳಿಸಿದಳು.

“ಯಾರದರ ಇರ್ಲಿ, ಹಾಕ್ರಿ. ನಾ ಇನ್ನೂ ಆಕಿ ಮಾರಿ ಸೈತ ಸರೀ ನೋಡಿಲ್ಲ.”

ನಿಖಿತವ್ವ ಮುಂದೆ ಬಂದು ಕೂಸನ್ನು ಸೊಸೆಯ ಮಗ್ಗುಲಲ್ಲಿ ಮಲಗಿಸಿದಳು.

ಕೆಳಗೆ ಬಂದು ಶಾಲ್ಮಲಾ ಸೂಜಿ ಚುಚ್ಚಿದಳು. ಮೈಯಲ್ಲಿರುವ ಐದು ಲೀಟರು ರಕ್ತದಲ್ಲಿ ಮುನ್ನೂರೈವತ್ತು ಮಿಲಿಲೀಟರು. ಹೋದ ನೀರು ಒಂದು ದಿನದಲ್ಲಿ, ಹೋದ ಕಣ ಕೆಲವು ವಾರಗಳಲ್ಲಿ ತಾವಾಗಿಯೇ ತುಂಬಿಕೊಳ್ಳುತ್ತವೆ. ಚೀಲ ತುಂಬುವತನಕ ಇಬ್ಬರೂ ಮಳೆ, ಬಸ್ಸು, ಜೋಳದ ರೊಟ್ಟಿ ಎಂದು ಏನೇನೋ ಮಾತಾಡಿದರು. ಎದ್ದು ಕೂತು ಚಹಾ ಕುಡಿಯುತ್ತ ಆ ವ್ಯಕ್ತಿ ಹೇಳಿದರು, “ನನ್ನ ಹೆಸರ ಹೇಳಬ್ಯಾಡ್ರಿ ಅವರಿಗೆ. ಹೇಳಿದ್ರ ಆಮ್ಯಾಲ ಆ ಹುಡುಗಿಗೆ ಮನ್ಯಾಗ ತ್ರಾಸ ಆದೀತು.” ಶಾಲ್ಮಲಾಗೆ ಆ ಕ್ಷಣ ಎಷ್ಟು ನಾಚಿಕೆಯಾಯಿತೆಂದರೆ, ಕಣಜ ಕಂಡುಹಿಡಿದ ಹೆಮ್ಮೆಯೆಲ್ಲ ಇಳಿದುಹೋಯಿತು.

ಸಂಜೆಯ ಹೊತ್ತಿಗೆ ಇಂಚರಾಳ ಕೆನ್ನೆಗೆ ಬಣ್ಣ ಬಂತು. ಮರುದಿನ ಆಕೆ ಕೂಸಿಗೆ ತಾನೇ ಹಾಲು ಕುಡಿಸಿದಳು.

ಮನೆಗೆ ಹೊರಡುವ ದಿನ ನಿಖಿತವ್ವ ಶಾಲ್ಮಲಾಳ ಕೋಣೆಗೆ ಬಂದಳು. ಕೈಯಲ್ಲಿ ಒಂದು ಇಳಕಲ್ ಸೀರೆ, ಒಂದು ಜೋಡಿ ಧೋತರ. “ಆಯೇರಿ ಮಾಡಬೇಕಂತ ತಂದೀನ್ರಿ. ಗಂಡಮಗನೋ ಹೆಣ್ಣಮಗಳೋ ತಿಳೀಲಿಲ್ಲ, ಎರಡೂ ತಂದೀನಿ. ಮಂದಿ ಯಾರರ ಇರ್ಲಿ, ನಾ ಕಾಲ ಮುಟ್ಟತೀನಿ. ಹೆಸರ ಹೇಳ್ರಿ.”

“ಹೇಳಂಗಿಲ್ರಿ ಅವ್ವಾರ.”

“ಜೀವ ಉಳಿಸಿದವರ ಮಾರಿ ಸೈತ ನೋಡಬಾರ್ದೇನ್ರಿ?”

“ಇನ್ನೊಂದ ಹೇಳತೀನಿ, ಕೇಳ್ರಿ. ಎ, ಬಿ, ಎಚ್ ಯಾವುದೂ ಇಲ್ಲದ ನೆಗೆಟಿವ್ ಕಣ ಅದು. ಓ ರಕ್ತ ಆಗದವರಿಗೂ ಆಗತೈತಿ, ಉಳಿದವರಿಗೂ ಆಗತೈತಿ. ಅವರನ್ನ ಕೇಳಿ, ಅವರು ಹೂಂ ಅಂದ ಮ್ಯಾಲ, ಕಣಜಕ್ಕ ಅವರದ ಬೀಜ ಹಾಕೀನಿ. ಮುಂದ ನಿಮಗಾಗ್ಲಿ, ನನಗಾಗ್ಲಿ, ಮಠದ ಸ್ವಾಮಿಗಳಿಗಾಗ್ಲಿ, ಹಾಕೂದು ಅವರದ ರಕ್ತ. ಎಷ್ಟ ಮಂದಿಗಂತ ಅವರ ಹೆಸರ ಹೇಳಲಿ ನಾ?”

ನಿಖಿತವ್ವ ಬಟ್ಟೆಯ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಮೇಜಿನ ಮೇಲೆ ಪಶು ಆಸ್ಪತ್ರೆಯಿಂದ ತಂದು ಉಳಿದಿದ್ದ ಒಂದು ಖಾಲಿ ಚೀಲವಿತ್ತು. ಆಕೆ ಅದನ್ನು ಎತ್ತಿಕೊಂಡು ಓದಿದಳು. ಗುಂಪು, ತಾರೀಖು, ಒಂದು ಸಂಖ್ಯೆ, ಯಾವ ಯಾವ ಪರೀಕ್ಷೆ ಆಯಿತೆಂಬ ಗುರುತು, ಇವನ್ನು ಬರೆಯಲು ಜಾಗ ಬಿಟ್ಟಿತ್ತು. ಕೊಟ್ಟವರ ಹೆಸರಿಗೆ ಅದರಲ್ಲಿ ಜಾಗವೇ ಇರಲಿಲ್ಲ. ಅಂಥ ಚೀಲಗಳು ಈಗ, ನೀವು ಇದನ್ನು ಓದುತ್ತಿರುವ ಹೊತ್ತಿನಲ್ಲಿ, ನಿಮ್ಮ ಊರಿನ ರಕ್ತನಿಧಿಯ ಫ್ರಿಜ್ಜಿನಲ್ಲೂ ಇವೆ. ಕಣಜ ಬರಲು ಇನ್ನೂ ಬಹಳ ವರ್ಷ ಬೇಕು.

ಆಕೆ ಎದ್ದು ಹೊರಗೆ ಬಂದಳು. ಆಸ್ಪತ್ರೆಯ ಪಡಸಾಲೆಯ ತುಂಬ ಜನ. ಕಸ ಗುಡಿಸಿ ಕೈ ತೊಳೆಯುತ್ತಿದ್ದವರು, ಬುರ್ಖಾದ ಹೆಂಗಸೊಬ್ಬಳು, ಖಾಕಿ ಅಂಗಿಯ ಆಟೋದವನು, ಬುತ್ತಿ ಬಿಚ್ಚುತ್ತಿದ್ದ ಒಂದು ಸಂಸಾರ, ಜೋಳಿಗೆ ಹಾಕಿದ ಮುದುಕ. ನಿಖಿತವ್ವ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸುತ್ತ ನಡೆದಳು. ಇವರಿರಬಹುದು, ಅವರೂ ಇರಬಹುದು. ಯಾರನ್ನೂ ಅಲ್ಲವೆಂದು ಬಿಡುವಂತಿರಲಿಲ್ಲ. ನಳದ ಬಳಿಯಿಂದ ಬರುತ್ತಿದ್ದ, ಕಸ ಗುಡಿಸುವ ಹೆಂಗಸಿಗೆ ದಾರಿ ಬಿಡಲು ಆಕೆ ಗೋಡೆಗೆ ಸರಿದು, ಸೆರಗನ್ನು ತಲೆಯ ಮೇಲೆ ಹೊದ್ದು, “ಊಟ ಆತೇನ್ರಿ ಅಕ್ಕಾರ?” ಎಂದು ಕೇಳಿದಳು.