ನಾನೂರ ಹನ್ನೆರಡು ಸುಳ್ಳು ಲಿಂಕುಗಳು

"ಈ ನಾನೂರ ಹನ್ನೆರಡು ಲಿಂಕ್ ಹಾಕಿಸಿದ್ದು ಯಾರು?"

ಕಾರ್ಯಾಗಾರದ ಬಾಗಿಲಲ್ಲಿ ನಿಂತ ಅಪರಿಚಿತ ಅವಳನ್ನು ಕೇಳಿದ ಮೊದಲ ಮಾತೇ ಅದು. ಅವಳ ಕೈಯಲ್ಲಿದ್ದ ಅಳತೆಯ ಟೇಪು ಜಾರಿ ಕೆಳಗೆ ಬಿತ್ತು.

ಬಂದೇಬಿಟ್ಟ...!

ಹಿಂದಿನ ಸಂಜೆಯಷ್ಟೇ ಗೊತ್ತಿಲ್ಲದ ನಂಬರಿನಿಂದ ಮೆಸೇಜು ಬಂದಿತ್ತು. 'ಲಿಂಕ್ ತೆಗೆಸೋಕೆ ಹೋಗಿ ನನ್ನ ದಂಧೆ ಹಾಳು ಮಾಡಿದ್ರೆ ನಿಮ್ಮಪ್ಪನಿಗೆ ಎಲ್ಲಾ ಹೇಳ್ತೀನಿ. ಸದ್ಯದಲ್ಲೇ ನಾನೇ ಬರ್ತೀನಿ.' ನಾನೂರ ಹನ್ನೆರಡು ಎಂಬ ಲೆಕ್ಕ ಗೊತ್ತಿದ್ದದ್ದು ಇಬ್ಬರಿಗೇ. ಅವಳಿಗೆ, ಮತ್ತೆ ಆ ಲಿಂಕುಗಳನ್ನು ಮಾರಿದವನಿಗೆ.

"ನನಗೆ... ನನಗೇನೂ ಗೊತ್ತಿಲ್ಲ," ಎಂದಳು. ಟೇಪು ಎತ್ತಿಕೊಳ್ಳಲು ಬಗ್ಗಿದಳು.

ಒಳಗಿನಿಂದ ಅಪ್ಪ ಬಂದರು. ಮುಖದಲ್ಲಿ ನಗು! "ಓ, ಬಂದ್ರಾ? ಪುಟ್ಟೀ, ನಮ್ಮ ವೆಬ್‌ಸೈಟ್ ಸರಿ ಮಾಡೋಕೆ ನಾನೇ ಕರೆಸಿದ್ದು ಇವರನ್ನ."

ಅಯ್ಯೋ ಅಪ್ಪಾ... ಕಳ್ಳನ ಕೈಗೇ ಬೀಗದ ಕೈ ಕೊಟ್ಟಿರಲ್ಲ!

ಅಪ್ಪನದು ಕೃತಕ ಕಾಲು ತಯಾರಿಸುವ ಕಾರ್ಯಾಗಾರ. ವೆಬ್‌ಸೈಟಿನ ಹೊಣೆ ಅವಳದು. ಇಂಟರ್ನೆಟ್ಟಿನಲ್ಲಿ ಯಾರೇ ಕೃತಕ ಕಾಲು ಎಂದು ಹುಡುಕಿದರೂ ಮೊದಲ ಪುಟದ ಕೊನೆಯಲ್ಲಿ ಅವರ ಹೆಸರು ಕಾಣುತ್ತಿತ್ತು. ಅಪ್ಪನ ಕೆಲಸ ಎಲ್ಲರಿಗಿಂತ ಮೇಲೆ ಕಾಣಬೇಕೆಂಬ ಆಸೆ ಅವಳಿಗೆ. ಆಗ ಒಬ್ಬನಿಂದ ಇಮೇಲು ಬಂತು. 'ಬೇರೆ ಸೈಟುಗಳಿಂದ ನಿಮಗೆ ಲಿಂಕ್ ಕೊಡಿಸ್ತೀನಿ. ಎಷ್ಟು ಸೈಟು ನಿಮ್ಮತ್ತ ಬೆರಳು ತೋರಿಸುತ್ತೋ ಹುಡುಕಾಟದಲ್ಲಿ ಅಷ್ಟು ಮೇಲೆ. ಹದಿನೈದು ದಿನದಲ್ಲಿ ನೀವೇ ಮೊದಲು!' ಅಪ್ಪನಿಗೆ ಹೇಳದೆ ಒಪ್ಪಿಬಿಟ್ಟಳು.

ಲಿಂಕುಗಳೇನೋ ಬಂದವು... ಜೂಜಿನ ಸೈಟುಗಳಿಂದ, ಬೊಜ್ಜು ಕರಗಿಸುವ ಮಾತ್ರೆಗಳ ಸೈಟುಗಳಿಂದ! ಎರಡು ವಾರ ಮೇಲೇರಿದರು. ಆಮೇಲೆ ಹುಡುಕಾಟದ ಕಂಪನಿಗೆ ಮೋಸ ಗೊತ್ತಾಯಿತು. ಒಂದೇ ಬೆಳಗ್ಗೆ ಒಂಬತ್ತನೇ ಪುಟಕ್ಕೆ ಬಿದ್ದರು. ಒಂಬತ್ತನೇ ಪುಟವೆಂದರೆ ಹಾಳೂರು. ಅಲ್ಲಿಗೆ ಕಾಗೆಯೂ ಹಾರುವುದಿಲ್ಲ. ದಿನಕ್ಕೆ ಹತ್ತು ಸಲ ರಿಂಗಾಗುತ್ತಿದ್ದ ಫೋನು ಮೂಕವಾಯಿತು. ಕಾರ್ಯಾಗಾರ ಮುಚ್ಚಬೇಕಾದೀತೇನೋ ಎಂದು ಕೆಲಸದವರು ಪಿಸುಗುಡತೊಡಗಿದ್ದರು.

ಈಗ ಈ ಮನುಷ್ಯ ಅವಳ ಪಕ್ಕದ ಮೇಜಿನಲ್ಲೇ ಕುಳಿತ. ಅವನು ಎಲ್ಲರಿಗೂ ತಾಳ್ಮೆಯಿಂದ ಬಿಡಿಸಿ ಹೇಳುವುದನ್ನು ಕಂಡು ಕೆಲಸದವರು 'ಲಿಂಕ್ ಮೇಷ್ಟ್ರು' ಎಂದು ಹೆಸರಿಟ್ಟರು. ಅವಳು ಮಾತ್ರ ಅವನು ಮಾತಿಗೆ ಬಂದರೆ ನೆಪ ಹೇಳಿ ಓಡುತ್ತಿದ್ದಳು; ಅವನು ಅಪ್ಪನ ಕೋಣೆಯತ್ತ ನಡೆದರೆ ಬಾಗಿಲಿಗೆ ಕಿವಿಗೊಡುತ್ತಿದ್ದಳು!

"ಮೇಡಂ, ಯಾರು ಮಾಡಿದ್ದು ಅನ್ನೋದು ನನಗೆ ಬೇಡ," ಎಂದ ಒಂದು ದಿನ. "ಯಾರ ಮೂಲಕ ಬಂತು ಅಂತ ಗೊತ್ತಾದ್ರೆ ತೆಗೆಸೋದು ಸುಲಭ."

"ಹೇಳಿದ್ನಲ್ಲ, ಗೊತ್ತಿಲ್ಲ!"

ಬಾಯಿ ಬಿಡಿಸೋಕೆ ನೋಡ್ತಿದ್ದಾನೆ... ಹುಷಾರು!

ಆದರೆ ಅಷ್ಟು ಮೃದುವಾದ ದನಿಯಲ್ಲಿ ಯಾರಾದರೂ ಹೆದರಿಸುತ್ತಾರಾ? ಆ ಪ್ರಶ್ನೆಯೇ ಅವಳನ್ನು ಇನ್ನಷ್ಟು ಹೆದರಿಸಿತು.

ಆರನೆಯ ದಿನ ಅಪ್ಪ ನಿವೃತ್ತ ಶಿಕ್ಷಕಿಯೊಬ್ಬರ ಮೊಣಕಾಲಿನ ಅಚ್ಚು ತೆಗೆಯುತ್ತಿದ್ದರು. ಹಿಡಿಯಲು ಇನ್ನೊಂದು ಜೊತೆ ಕೈ ಬೇಕಾಗಿತ್ತು. ಮೇಷ್ಟ್ರು ಅಂಗಿಯ ತೋಳು ಮಡಚಿ ಮುಂದೆ ಬಂದ. ಮೊಣಕೈವರೆಗೆ ಹಸಿ ಪ್ಲಾಸ್ಟರು ಮೆತ್ತಿಕೊಂಡಿತು.

ಅದೇ ಹೊತ್ತಿಗೆ ಅವಳ ಫೋನು ನಡುಗಿತು.

'ನಾಳೆ ಹನ್ನೊಂದು ಗಂಟೆಗೆ ನಿಮ್ಮಪ್ಪನ ಮುಂದೆ ಕೂತಿರ್ತೀನಿ.'

ತಲೆಯೆತ್ತಿದಳು. ಮೇಷ್ಟ್ರ ಎರಡೂ ಕೈ ಪ್ಲಾಸ್ಟರಿನಲ್ಲಿ! ಅವನ ಫೋನು ದೂರದ ಮೇಜಿನ ಮೇಲೆ ತೆಪ್ಪಗೆ ಬಿದ್ದಿತ್ತು.

ಇವನಲ್ಲ... ಇವನಲ್ಲವೇ ಅಲ್ಲ!

ಒಂದು ಕ್ಷಣ ಜೀವ ಬಂದಂತಾಯಿತು. ಮರುಕ್ಷಣವೇ ಬಾಗಿಲತ್ತ ತಿರುಗಿದಳು. ಹಾಗಾದರೆ ನಿಜವಾದವನು ಇನ್ನೂ ಬರಬೇಕು...

ಮೇಷ್ಟ್ರು ಕೈ ತೊಳೆಯುತ್ತಿದ್ದಾಗ ನಲ್ಲಿಯ ಬಳಿ ಹೋಗಿ ಫೋನು ಮುಂದೆ ಹಿಡಿದಳು. ಅವನು ಓದಿದ. ಪುನಃ ಓದಿದ.

"ಇಷ್ಟು ದಿನ ಇದನ್ನ ಒಬ್ರೇ ಹೊತ್ಕೊಂಡಿದ್ರಾ?"

"ಅದು ನೀವೇ ಅಂದ್ಕೊಂಡಿದ್ದೆ..."

ಅವನ ಮುಖ ಕಂದಿತು. "ಅದಕ್ಕೇನಾ ನನ್ನ ನೋಡಿದ್ರೆ ಹುಲಿ ಕಂಡ ಹಾಗೆ ಓಡ್ತಿದ್ದಿದ್ದು? ನಾನೋ... ನನ್ನ ಮುಖ ಕಂಡ್ರೇ ನಿಮಗಾಗಲ್ಲ ಅಂದ್ಕೊಂಡು ಕೊರಗ್ತಿದ್ದೆ."

"ನಾನೂರ ಹನ್ನೆರಡು ಅಂತ ಹೇಗೆ ಗೊತ್ತಾಯ್ತು ಹಾಗಾದ್ರೆ?"

"ಕೂತು ಎಣಿಸಿದೆ ಮೇಡಂ! ಅದೇ ನನ್ನ ಕೆಲಸ."

ಅಷ್ಟು ಭಯದಲ್ಲೂ ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಅಳು.

"ಅಪ್ಪನಿಗೆ ನೀವೇ ಹೇಳಿಬಿಡಿ," ಎಂದ. "ಅವನ ಹತ್ರ ಇರೋದು ಅದೊಂದೇ ಬೆದರಿಕೆ. ನಾನು ಜೊತೇಲಿ ಬರ್ಲಾ?"

"ಬನ್ನಿ. ಆದ್ರೆ ಮಾತಾಡಬೇಡಿ. ನಾನೇ ಹೇಳ್ತೀನಿ."

ಹೇಳಿದಳು. ಮೊದಲಿನಿಂದ ಕೊನೆಯವರೆಗೆ, ತಡವರಿಸುತ್ತ. ಅಪ್ಪ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟರು. ಸ್ಟೂಲು ಎಳೆದು ಅವಳೆದುರು ಕುಳಿತರು.

"ಕಾಲು ಒತ್ತುತ್ತಿದೆ ಅಂತ ಹೇಳ್ದೆ ಹಲ್ಲು ಕಚ್ಕೊಂಡು ನಡೆಯೋರನ್ನ ದಿನಾ ಬೈತೀನಿ," ಎಂದರು. "ನನ್ನ ಮನೇಲೇ ಒಬ್ಳು ಹಾಗೆ ಇದ್ದದ್ದು ಕಾಣ್ಲಿಲ್ವಲ್ಲ ನನಗೆ... ನಂಬರು ಕೊಡು ಇಲ್ಲಿ."

ಅಪ್ಪನೇ ಫೋನಾಯಿಸಿದರು. "ನಾಳೆ ಹನ್ನೊಂದಕ್ಕೆ ಬರ್ತೀರಂತೆ? ಬನ್ನಿ ಸ್ವಾಮಿ. ಹೇಳೋದೆಲ್ಲ ನನ್ನ ಮಗಳೇ ಹೇಳಿಯಾಯ್ತು!"

ಆಚೆ ಕಡೆಯವನು ಫೋನಿಟ್ಟ. ಮರುದಿನ ಹನ್ನೊಂದಾಯಿತು, ಹನ್ನೆರಡಾಯಿತು. ಬಾಗಿಲಲ್ಲಿ ಸದ್ದಾದಾಗಲೆಲ್ಲ ಬೆಚ್ಚಿಬಿದ್ದಳು. ಅವನು ಬರಲೇ ಇಲ್ಲ.

ನಿಜವಾದ ಕೆಲಸ ಆಮೇಲೆ ಶುರುವಾಯಿತು. ಇಬ್ಬರೂ ಕುಳಿತು ಸುಳ್ಳು ಲಿಂಕುಗಳನ್ನೆಲ್ಲ ಪಟ್ಟಿ ಮಾಡಿದರು. ತೆಗೆಸಲು ಆದವನ್ನು ತೆಗೆಸಿದರು. ಉಳಿದವನ್ನು ಲೆಕ್ಕಕ್ಕೆ ಹಿಡಿಯಬೇಡಿ, ತಪ್ಪು ನಮ್ಮದೇ ಎಂದು ಹುಡುಕಾಟದ ಕಂಪನಿಗೆ ಬರೆದರು.

"ಲಿಂಕ್ ಅಂದ್ರೆ ಶಿಫಾರಸು," ಎಂದ ಮೇಷ್ಟ್ರು. "ಬಲ್ಲವರು ಒಬ್ರು ಹೇಳಿದ್ರೂ ಸಾಕು. ಅವರು ತಾವಾಗೇ ಹೇಳೋ ಹಾಗೆ ಏನಾದ್ರೂ ಬರೀರಿ."

ಅವಳು ಬರೆದಳು. ಹೊಸ ಕಾಲು ಹಾಕಿಕೊಂಡ ಮೊದಲ ನಲವತ್ತು ದಿನ ಹೇಗಿರುತ್ತವೆ, ಮೆಟ್ಟಿಲಿಳಿಯುವುದು ಹೇಗೆ, ಚರ್ಮ ಕೆಂಪಾದರೆ ಏನು ಮಾಡಬೇಕು... ಹದಿನೆಂಟು ಮಂದಿಯನ್ನು ಕೇಳಿ ಕೇಳಿ ಬರೆದಳು. ನರ್ಸಿಂಗ್ ಕಾಲೇಜೊಂದು ತನ್ನ ವಿದ್ಯಾರ್ಥಿಗಳಿಗೆಂದು ಆ ಪುಟಕ್ಕೆ ಲಿಂಕ್ ಕೊಟ್ಟಿತು. ಕೃತಕ ಕಾಲಿನವರದೇ ನಡಿಗೆಯ ಬಳಗವೊಂದು ಕೊಟ್ಟಿತು. ಒಂದು ಪತ್ರಿಕೆಯೂ ಕೊಟ್ಟಿತು. ಮೂರು ತಿಂಗಳಲ್ಲಿ ಬಂದದ್ದು ಹನ್ನೊಂದೇ ಲಿಂಕು. ಒಂದೂ ಕೊಂಡದ್ದಲ್ಲ.

ಒಂದು ಮಧ್ಯಾಹ್ನ ಮೇಷ್ಟ್ರು ಹುಡುಕಿ ತೋರಿಸಿದ. ಮೊದಲ ಪುಟ, ಮೂರನೇ ಸ್ಥಾನ! ಅಷ್ಟರಲ್ಲೇ ಫೋನು ರಿಂಗಾಯಿತು. ಅಪ್ಪ ಓಡಿದರು.

ಅವಳ ಎದೆ ಮಾತ್ರ ಧಸಕ್ಕೆಂದಿತು. ಕೆಲಸ ಮುಗಿಯಿತು... ಇನ್ನು ಇವನು ಹೊರಡುತ್ತಾನೆ.

ಅವನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿದ. ಹೊರಗೆ ತೆಗೆದ. ಮತ್ತೆ ಹಾಕಿದ.

"ಏನಾದ್ರೂ ಮರೆತ್ರಾ?"

"ಇಲ್ಲ... ಭಯ ಆಗ್ತಿದೆ."

"ನಿಮಗಾ? ಯಾಕೆ?"

"ನಾಳೆಯಿಂದ ಇಲ್ಲಿಗೆ ಬರೋಕೆ ನನಗೆ ಕಾರಣ ಇಲ್ಲ. ನೀವಿಲ್ಲದ ಮೇಜಲ್ಲಿ ಕೂತು ಹೇಗೆ ಕೆಲಸ ಮಾಡೋದು ಅಂತ ಗೊತ್ತಾಗ್ತಿಲ್ಲ." ಚೀಲ ಕೆಳಗಿಟ್ಟ. "ನಿಮ್ಮನ್ನ ಪ್ರೀತಿಸ್ತಿದ್ದೀನಿ. ಇಲ್ಲ ಅಂದ್ರೂ ಪರವಾಗಿಲ್ಲ. ಹೇಳದೆ ಹೋದ್ರೆ ಮಾತ್ರ..."

ಅವಳ ಕಣ್ಣು ತುಂಬಿತು. ಯಾರದೋ ಮೆಸೇಜಿಗೆ ಹೆದರಿದ್ದಳು, ಅಪ್ಪನಿಗೆ ಹೇಳಲು ಹೆದರಿದ್ದಳು. ಹೆದರಿ ಸಾಕಾಗಿತ್ತು.

"ಕಾರಣ ಇಲ್ದೇ ಬನ್ನಿ. ದಿನಾ ಬನ್ನಿ."

"ನಿಜವಾಗ್ಲೂ?!"

"ಆದ್ರೆ ಇನ್ಮೇಲೆ ನಾನು ಬನ್ನಿ ಅನ್ನಲ್ಲ. ಬಾ ಅಂತೀನಿ."

"ಹಾಗಾದ್ರೆ ಒಂದ್ಸಲ ಅನ್ನಿ..."

"ಅನ್ನಿ ಅಲ್ಲ, ಅನ್ನು."

ಅವನು ನಕ್ಕ. ಮೆಲ್ಲಗೆ, ಹೊಸದಾಗಿ ಕಲಿತವನಂತೆ ಹೇಳಿದ. "ಅನ್ನು."

ಅವಳು ಕೈ ಚಾಚಿದಳು.

"ಬಾ."